ಮಸೀದಿಯ ಪಾಲು, ಗೇಣಿದಾರನ ಪಾಲು

ಪುಂಜಾಲಕಟ್ಟೆಯಂಥ ಅಡಿಕೆ ಸೀಮೆಯಲ್ಲಿ ಮಸೀದಿಗೆ ಆಸ್ತಿ ಬಿಡಲು ಎರಡು ದಾರಿ: ಬದುಕಿರುವಾಗಲೇ ವಕ್ಫ್ ಮಾಡುವುದು, ಮರಣಾನಂತರಕ್ಕೆ ವಸಿಯ್ಯತ್ ಬರೆದಿಡುವುದು. ಹ. ಉಮರ್(ರ) ಖೈಬರಿನ ಜಮೀನನ್ನು ವಕ್ಫ್ ಮಾಡಿದರು. ಮೂಲವನ್ನು ಮಾರುವಂತಿಲ್ಲ, ಫಸಲು ಬಡವರಿಗೆ, ಬಂಧುಗಳಿಗೆ, ದಾರಿಹೋಕರಿಗೆ. ವಸಿಯ್ಯತ್ತಿಗೆ ಮಾತ್ರ ಮಿತಿಯಿದೆ. ಕಾಯಿಲೆ ಬಿದ್ದ ಹ. ಸಅದ್(ರ) ಸೊತ್ತಿನ ಮೂರನೇ ಎರಡು ಭಾಗ ಕೊಡಹೊರಟಾಗ ಪ್ರವಾದಿ(ಸ) ಮೂರನೇ ಒಂದಕ್ಕೆ ನಿಲ್ಲಿಸಿದರು. ಅದೂ ಹೆಚ್ಚೇ ಎಂದರು. ಆಗ ಅವರಿಗಿದ್ದ ವಾರಸುದಾರಳು ಒಬ್ಬಳೇ ಮಗಳು!

ಕರ್ನಾಟಕದಲ್ಲಿ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರಲ್ಲಿ ಜಾರಿಯಾದಾಗ, ಧಾರ್ಮಿಕ ಸಂಸ್ಥೆಗಳು ಗೇಣಿಗೆ ಕೊಟ್ಟಿದ್ದ ಭೂಮಿಯೂ ಡಿಕ್ಲರೇಶನ್ ಕೊಟ್ಟ ಒಕ್ಕಲುಗಳ ಪಾಲಾಯಿತು. ದಾನಿಯ ಆಶಯ ಮುರಿಯಿತೆಂಬ ಕೊರಗು ಸಹಜ. ಆದರೆ ಕರಾವಳಿಯ ಗೇಣಿದಾರರಲ್ಲಿ ಬಡ ಬ್ಯಾರಿಗಳೂ ಇದ್ದರು. ಉಮರ್(ರ) ತಮ್ಮ ಫಸಲನ್ನು ಬರೆದುಕೊಟ್ಟದ್ದು ಅಂಥವರಿಗೇ ಅಲ್ಲವೇ?