ನಮ್ಮ ಗಡಿನಾಡಿಗೆ ಸೂಕ್ಷ್ಮದರ್ಶಕ ಬಂದ ಬಗೆ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಡುವ ಬಳ್ಳಾರಿ ರಸ್ತೆಯು ಹೆಬ್ಬಾಳ, ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರ, ಬಾಗೇಪಲ್ಲಿಗಳ ದಿಕ್ಕು ಹಿಡಿದು ಸಾಗಿ ಕೊಡಿಕೊಂಡದ ಬಳಿ ಆಂಧ್ರಪ್ರದೇಶವನ್ನು ಪ್ರವೇಶಿಸುತ್ತದೆ. ಅಲ್ಲಿಯ ಚೆಕ್‌ಪೋಸ್ಟಿನ ಹತ್ತಿರ ಎಡಕ್ಕೆ ತಿರುಗಿದರೆ ಲೇಪಾಕ್ಷಿ, ಅದರಾಚೆಗೆ ಹಿಂದೂಪುರ. ಲೇಪಾಕ್ಷಿಯ ದೇಗುಲದ ಶಾಸನಗಳಲ್ಲಿ ಕನ್ನಡವಿದೆ; ಮಡಕಶಿರಾ ಸೀಮೆಯಲ್ಲಿ ಇಂದಿಗೂ ಕನ್ನಡವೇ ಮನೆಮಾತಾಗಿರುವ ಹಳ್ಳಿಗಳು ಹಲವು. ಈ ಸೀಮೆಯ ಚರಿತ್ರೆಯನ್ನು ಬರೆಯುವಾಗಲೆಲ್ಲ ನಾವು ವಿಜಯನಗರದ ಅರಸರನ್ನೂ ಪೆನುಕೊಂಡೆಯ ಕೋಟೆಯನ್ನೂ ನೆನೆಯುತ್ತೇವೆ. ಅದು ತಕ್ಕದ್ದೇ. ಆದರೆ ಇದೇ ರಸ್ತೆಯ ಎರಡು ತುದಿಗಳನ್ನು ಬೆಸೆದ ಇನ್ನೊಂದು ಚರಿತ್ರೆಯಿದೆ. ಅದು ಬರಿಗಣ್ಣಿಗೆ ಕಾಣದ ಜೀವಿಗಳನ್ನು ಕಾಣಲು ನಮ್ಮ ಜನ ಕಲಿತ ಚರಿತ್ರೆ. ಸಂಘದ ಸಂಚಿಕೆಗಳಲ್ಲಿ ಅದಕ್ಕೆ ಇದುವರೆಗೆ ಸಿಕ್ಕ ಜಾಗ ಅತ್ಯಲ್ಪವೆಂದು ನಮಗೆ ತೋರುತ್ತದೆ.

ಸೂಕ್ಷ್ಮಜೀವಿವಿಜ್ಞಾನದ ಮೊದಲ ಪಾಠ ಎಲ್ಲಿ ನಡೆದರೂ ಸಾಮಾನ್ಯವಾಗಿ ಮೂರು ಹೆಸರುಗಳಿಂದ ಆರಂಭವಾಗುತ್ತದೆ: ಲೇವನ್‌ಹುಕ್, ಪಾಶ್ಚರ್, ಕಾಕ್. ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ನರ್ಸಿಂಗ್ ಓದಿಗೆ ಮುನ್ನ ಎರಡು ವರ್ಷದ ಸಮುದಾಯ ಕಾಲೇಜುಗಳಲ್ಲಿ ಕಲಿಯುವುದೂ ಇದನ್ನೇ; ನಮ್ಮ ಪದವಿ ಕಾಲೇಜುಗಳ ಪಠ್ಯದಲ್ಲಿರುವುದೂ ಇದನ್ನೇ. ಆದರೆ ಈ ಕಾಲೇಜುಗಳಲ್ಲಿ ಇಂಥ ತರಗತಿಗಳು ತೆರೆಯುವ ಎಷ್ಟೋ ಮೊದಲೇ ಪಾಶ್ಚರನ ವಿದ್ಯೆ ರೇಷ್ಮೆಯ ಹುಳುವಿನ ಬೆನ್ನೇರಿ, ಕಾಕ್‌ನ ವಿದ್ಯೆ ಕೆಮ್ಮಿನ ಬೆನ್ನು ಹಿಡಿದು ನಮ್ಮ ಸೀಮೆಗೆ ಬಂದಿದ್ದವು. ಕಡಿಮೆ ಓದಿನ, ಸಾಮಾನ್ಯ ಮನೆಗಳ ತರುಣರಿಗೆ ಕೆಲವೇ ವಾರ ಅಥವಾ ತಿಂಗಳುಗಳಲ್ಲಿ ಕೈಗೆ ಹತ್ತುವ ವಿದ್ಯೆಯನ್ನು ಕೊಡುವುದು ಸಮುದಾಯ ಕಾಲೇಜಿನ ಲಕ್ಷಣವಾದರೆ, ಹೆಸರಿಲ್ಲದ ಅಂಥ ಕಾಲೇಜುಗಳು ನಮ್ಮಲ್ಲಿ ಬಿತ್ತನೆ ಕೋಠಿಗಳ ರೂಪದಲ್ಲಿಯೂ ಆಸ್ಪತ್ರೆಯ ಹಿಂಬದಿಯ ಕೋಣೆಗಳ ರೂಪದಲ್ಲಿಯೂ ಇದ್ದವು.

ರೇಷ್ಮೆಯ ಕಥೆಯನ್ನು ಮೊದಲು ಹೇಳಿಬಿಡೋಣ. 1865ರಲ್ಲಿ ಫ್ರಾನ್ಸಿನ ಅಲೆಸ್ ಪ್ರಾಂತಕ್ಕೆ ಪಾಶ್ಚರ್ ಹೋದದ್ದು ಹುಳುಸಾಕಣೆಯನ್ನೇ ಹಾಳುಗೆಡವುತ್ತಿದ್ದ ಒಂದು ರೋಗದ ಕಾರಣವನ್ನು ಹುಡುಕಲು. ಅದುವರೆಗೆ ರೇಷ್ಮೆ ಹುಳುವಿನ ಸಹವಾಸವೇ ಇಲ್ಲದಿದ್ದ ಆ ರಸಾಯನಶಾಸ್ತ್ರಜ್ಞ ಹಲವು ವರ್ಷಗಳ ಶ್ರಮದ ಬಳಿಕ ಕೊಟ್ಟ ಪರಿಹಾರ ಬಹು ಸರಳವಾದದ್ದು. ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಆದುದರಿಂದ ಮೊಟ್ಟೆಯಿಟ್ಟ ತಾಯಿಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗಾಣು ಕಂಡರೆ ಆ ತಾಯಿಯ ಮೊಟ್ಟೆಗಳನ್ನು ಸುಡಬೇಕು. ನಮ್ಮ ರೈತರು ಗಂಟುರೋಗ ಎನ್ನುವುದು ಇದನ್ನೇ. ಬಿತ್ತನೆ ಕೋಠಿಗಳಲ್ಲಿ ಚಿಟ್ಟೆಯನ್ನು ಕ್ಷಾರದ್ರಾವಣದೊಡನೆ ಅರೆದು, ಒಂದು ಹನಿಯನ್ನು ಗಾಜಿನ ಫಲಕದ ಮೇಲಿಟ್ಟು, ಸುಮಾರು 600 ಪಟ್ಟು ಹಿಗ್ಗಿಸಿ ನೋಡುವ ಕೆಲಸ ಪಾಶ್ಚರನ ಪದ್ಧತಿಯ ನೇರ ಮುಂದುವರಿಕೆ. ಮೊಟ್ಟೆಯಾಕಾರದ, ಹೊಳೆಯುವ ಕಣಗಳು ಕಂಡರೆ ಆ ಮೊಟ್ಟೆಗಳಿಗೆ ಅಲ್ಲಿಗೇ ಕೊನೆ.

ಹಿಂದೂಪುರದ ಗೂಡಿನ ಮಾರುಕಟ್ಟೆಯನ್ನು ಬಲ್ಲ ಯಾರಿಗೂ ಇದು ಹೊಸತಲ್ಲ. ಆ ಊರಿನ ಪಕ್ಕದ ಕಿರಿಕೆರೆಯಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯೂ ಇದೆ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ: ಈ ನಾಲ್ಕು ಹೆಸರುಗಳನ್ನು ಹುಳು ಸಾಕುವ ಮನೆಯ ಹೆಣ್ಣುಮಕ್ಕಳು ನಿದ್ದೆಗಣ್ಣಿನಲ್ಲಿಯೂ ಹೇಳಬಲ್ಲರು. ಪಾಠದ ಭಾಷೆಯಲ್ಲಿ ಹೇಳುವುದಾದರೆ ಹಾಲುತೊಂಡೆ ವೈರಾಣುವಿನದು, ಸುಣ್ಣಕಟ್ಟು ಶಿಲೀಂಧ್ರದ್ದು, ಗಂಟುರೋಗ ಮೈಕ್ರೋಸ್ಪೊರಿಡಿಯವೆಂಬ ಬೇರೊಂದು ಬಗೆಯದು, ಸಪ್ಪೆರೋಗದಲ್ಲಿ ಬ್ಯಾಕ್ಟೀರಿಯಾ ಮತ್ತು ವೈರಾಣು ಎರಡರ ಪಾತ್ರವೂ ಇದೆ. ಹುಳುಮನೆಯನ್ನು ತೊಳೆದು, ಬ್ಲೀಚಿಂಗ್ ಪುಡಿ ಹಾಕಿ, ಸುಣ್ಣ ಎರಚಿ, ಕೈಕಾಲು ತೊಳೆಯದೆ ಒಳಗೆ ಬಂದವರನ್ನು ಗದರಿಸುವ ಅಜ್ಜಿ ಸೋಂಕುನಿವಾರಣೆಯ ಅಧ್ಯಾಯವನ್ನು ಓದಿದವಳಲ್ಲ, ನಡೆಸಿಕೊಂಡು ಬಂದವಳು.

ಪ್ಲೇಗಿನ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. 1898ರಲ್ಲಿ ಬೆಂಗಳೂರಿಗೆ ಅದು ಬಂದದ್ದು, ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದದ್ದು ನಮ್ಮ ಹಿರಿಯರ ಬಾಯಲ್ಲಿ ಸಾಕಷ್ಟು ಕೇಳಿಬಂದ ಸಂಗತಿಗಳು. ಅದು ಭಯ ಕಲಿಸಿದ ಪಾಠವಾಗಿತ್ತೇ ಹೊರತು ಸೂಕ್ಷ್ಮದರ್ಶಕ ಕಲಿಸಿದ್ದಲ್ಲ.

ಕ್ಷಯದ ಕಥೆ ಬೇರೆ. ಇಲ್ಲಿ ಒಂದು ಕಾಕತಾಳೀಯವನ್ನು ಗಮನಿಸಬೇಕು. ಕ್ಷಯದ ದಂಡಾಣುವನ್ನು ಕಂಡೆನೆಂದು ರಾಬರ್ಟ್ ಕಾಕ್ ಬರ್ಲಿನ್ನಿನಲ್ಲಿ ಸಾರಿದ್ದು 1882ರ ಮಾರ್ಚ್ 24ರಂದು. ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಅನಂತಪುರವು ಪ್ರತ್ಯೇಕ ಜಿಲ್ಲೆಯಾದದ್ದೂ ಅದೇ 1882ರಲ್ಲಿ. ಸುಮಾರು ಎಂಬತ್ತು ವರ್ಷಗಳ ತರುವಾಯ ಆ ದಂಡಾಣುವಿನ ಚರಿತ್ರೆಯಲ್ಲಿ ಈ ಜಿಲ್ಲೆಯ ಹೆಸರು ಸೇರುವುದೆಂದು ಆಗ ಯಾರು ತಾನೇ ಊಹಿಸಿದ್ದರು!

ನಡುವಿನ ಕಾಲದಲ್ಲಿ ಕ್ಷಯಕ್ಕೆ ಇದ್ದ ಚಿಕಿತ್ಸೆಯೆಂದರೆ ಶುದ್ಧ ಗಾಳಿ, ಒಳ್ಳೆಯ ಊಟ ಮತ್ತು ವಿಶ್ರಾಂತಿ. ಪೂರ್ವಕ್ಕಿರುವ ಮದನಪಲ್ಲಿಯ ಆರೋಗ್ಯವರಂನಲ್ಲಿ 1915ರಲ್ಲಿ ತೆರೆದ ಸ್ಯಾನಿಟೋರಿಯಂ ದಕ್ಷಿಣ ಭಾರತದಲ್ಲೆಲ್ಲ ಹೆಸರಾಯಿತು. 1948ರಲ್ಲಿ ಭಾರತದಲ್ಲಿ ಬಿ.ಸಿ.ಜಿ. ಲಸಿಕೆಯನ್ನು ಮೊದಲು ಪರೀಕ್ಷಾರ್ಥವಾಗಿ ಹಾಕಿದ ಸ್ಥಳಗಳಲ್ಲಿಯೂ ಮದನಪಲ್ಲಿ ಒಂದು. ಆದರೆ ಸ್ಯಾನಿಟೋರಿಯಂ ಎಷ್ಟು ಮಂದಿಯ ಕೈಗೆಟುಕೀತು? ಬಡವನೊಬ್ಬ ಹೊಲ, ದನ, ಮಕ್ಕಳನ್ನು ಬಿಟ್ಟು ಒಂದು ವರ್ಷ ಮಲಗುವುದೆಂತು? ಕ್ಷಯವೆಂಬ ಹೆಸರನ್ನು ಬಾಯಿಬಿಟ್ಟು ಹೇಳಲೂ ಮನೆಯವರು ಹಿಂಜರಿಯುತ್ತಿದ್ದ ಕಾಲವದು. ಹೆಣ್ಣು ಕೊಡುವವರು, ತರುವವರು ಹಿಂದೆಗೆದಾರೆಂಬ ಅಂಜಿಕೆ.

1950ರ ದಶಕದಲ್ಲಿ ಎರಡು ಸಂಗತಿಗಳು ಈ ಚಿತ್ರವನ್ನು ಬದಲಿಸಿದವು. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯು ಕ್ಷಯವು ಪಟ್ಟಣಗಳ ರೋಗವೆಂಬ ನಂಬಿಕೆಯನ್ನು ಮುರಿಯಿತು. ಹಳ್ಳಿಗಳಲ್ಲಿಯೂ ಅದು ಹೆಚ್ಚುಕಡಿಮೆ ಅಷ್ಟೇ ಇತ್ತು. ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಕೇಂದ್ರವೊಂದು 1959ರಲ್ಲಿ ಪ್ರಕಟಿಸಿದ ಅಧ್ಯಯನವು, ಮನೆಯಲ್ಲಿಯೇ ಇದ್ದು ಮಾತ್ರೆ ನುಂಗಿದ ರೋಗಿಯೂ ಸ್ಯಾನಿಟೋರಿಯಂನಲ್ಲಿ ಮಲಗಿದವನಷ್ಟೇ ಚೆನ್ನಾಗಿ ಗುಣವಾಗುತ್ತಾನೆಂದು ತೋರಿಸಿತು. ಹಾಸಿಗೆಯ ಅಗತ್ಯ ತಪ್ಪಿತು. ಇನ್ನು ಉಳಿದದ್ದು ರೋಗಿಯನ್ನು ಗುರುತಿಸುವ ಪ್ರಶ್ನೆ. ಲಕ್ಷಾಂತರ ಹಳ್ಳಿಗಳಲ್ಲಿ ಅದನ್ನು ಮಾಡುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕಲೆಂದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಹುಟ್ಟಿತು. 1960ರ ಸೆಪ್ಟೆಂಬರ್ 16ರಂದು ಪ್ರಧಾನಿ ನೆಹರೂ ಅದನ್ನು ಉದ್ಘಾಟಿಸಿದರು. ಅದು ನಿಂತಿರುವುದು ನಾವು ಆರಂಭದಲ್ಲಿ ಹೇಳಿದ ಬಳ್ಳಾರಿ ರಸ್ತೆಯಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಭಾರತದ ಕ್ಷಯ ಕಾರ್ಯಕ್ರಮದಲ್ಲಿ ಸುಮಾರು ಹತ್ತು ವರ್ಷ ದುಡಿದ ಡೆನ್ಮಾರ್ಕಿನ ವೈದ್ಯ ಹಾಫ್ಡಾನ್ ಮಾಹ್ಲರ್ ಮುಂದೆ 1973ರಿಂದ 1988ರವರೆಗೆ ಆ ವಿಶ್ವಸಂಸ್ಥೆಯ ಮಹಾನಿರ್ದೇಶಕರೇ ಆದರು.

ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ನಮ್ಮ ನೆರೆಯ ತುಮಕೂರು ಜಿಲ್ಲೆಯ ರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾವು ಬಹು ದೊಡ್ಡದೆಂದು ಭಾವಿಸುತ್ತೇವೆ. ಹಳ್ಳಿಯವರು ಅಜ್ಞಾನಿಗಳು, ರೋಗ ಬಂದರೂ ಅರಿಯರು ಎಂಬುದು ಆಗಿನ ತಿಳಿವಳಿಕೆ. ಕಂಡದ್ದೇ ಬೇರೆ. ಕಫದಲ್ಲಿ ರೋಗಾಣುವಿದ್ದವರಲ್ಲಿ ಬಹುಪಾಲು ಜನರಿಗೆ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಚಿಕಿತ್ಸೆಯನ್ನು ಅರಸಿ ಆಗಲೇ ಹೋಗಿದ್ದರು. ಅವರಿಗೆ ಸಾಮಾನ್ಯವಾಗಿ ದೊರೆತದ್ದು ಒಂದು ಸೀಸೆ ಕೆಮ್ಮಿನ ಔಷಧ. ಆಸ್ಪತ್ರೆಯ ಬಾಗಿಲಿಗೆ ರೋಗಿ ಬಂದಿದ್ದಾನೆ. ಅವನ ಕಫವನ್ನು ನೋಡುವ ಕಣ್ಣು ಆ ಆಸ್ಪತ್ರೆಯಲ್ಲಿಲ್ಲ. ದೋಷ ಯಾರದು? ಜನರಿಗೆ ತಿಳಿವಳಿಕೆ ಹೇಳಬೇಕೆಂದು ಹೊರಟವರು ತಾವೇ ಒಂದು ಪಾಠ ಕಲಿತರೆನ್ನಬೇಕು.

ಆ ಪಾಠದಿಂದ ರೂಪುಗೊಂಡದ್ದೇ ಜಿಲ್ಲಾ ಕ್ಷಯರೋಗ ಕಾರ್ಯಕ್ರಮ. ಭಾರತದಲ್ಲಿ ಅದರ ಮೊತ್ತಮೊದಲ ಮಾದರಿ ಜಿಲ್ಲೆ ಅನಂತಪುರ, ವರ್ಷ 1961. ಕೊಡಿಕೊಂಡ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳೆಲ್ಲ ಆಗ ಆ ಜಿಲ್ಲೆಯ ಮಡಿಲಲ್ಲಿದ್ದವು. ಯೋಜನೆಯ ತಿರುಳು ಇಷ್ಟು: ಜಿಲ್ಲಾ ಕೇಂದ್ರದಲ್ಲಿ ಕ್ಷಕಿರಣ ಯಂತ್ರ ಮತ್ತು ತರಬೇತಾದ ತಂಡ, ಊರೂರಿನ ಆರೋಗ್ಯ ಕೇಂದ್ರಗಳಲ್ಲಿ ಒಂದು ಸೂಕ್ಷ್ಮದರ್ಶಕ. ಬಹುದಿನದಿಂದ ಕೆಮ್ಮುತ್ತಿರುವವನು ತಾನಾಗಿ ಬಂದಾಗ ಅವನ ಕಫವನ್ನು ಅಲ್ಲಿಯೇ ನೋಡಬೇಕು, ಮಾತ್ರೆಯನ್ನು ಅಲ್ಲಿಂದಲೇ ಕೊಡಬೇಕು. ಜಿಲ್ಲೆಯ ತಂಡಗಳು ಬೆಂಗಳೂರಿನ ಸಂಸ್ಥೆಯಲ್ಲಿ ಕಲಿತು ಬಂದು ಊರಿನ ಕೇಂದ್ರಗಳಲ್ಲಿದ್ದವರಿಗೆ ಕಲಿಸಬೇಕು. ನಮ್ಮ ದೃಷ್ಟಿಯಲ್ಲಿ ಇದೇ ಆ ಹೆಸರಿಲ್ಲದ ಕಾಲೇಜು.

ಅಲ್ಲಿ ಕಲಿಸುತ್ತಿದ್ದ ವಿದ್ಯೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಅದರ ಸೊಗಸು ವಿವರದಲ್ಲಿದೆ. ಕಫದ ಗಟ್ಟಿಯಾದ ಭಾಗವನ್ನು ಕಡ್ಡಿಯಿಂದ ಆರಿಸಿ ಗಾಜಿನ ಫಲಕದ ಮೇಲೆ ತೆಳುವಾಗಿ ಸವರುವುದು. ಒಣಗಿಸಿ, ಜ್ವಾಲೆಯ ಮೇಲೆ ಹಾಯಿಸಿ ಅಂಟಿಸುವುದು. ಬಳಿಕ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣವನ್ನು ಹೊಯ್ದು ಕೆಳಗಿನಿಂದ ಕಾಯಿಸುವುದು. ಆವಿ ಏಳಬೇಕು, ಕುದಿಯಕೂಡದು. ಐದು ನಿಮಿಷದ ಮೇಲೆ ತೊಳೆದು ಗಂಧಕಾಮ್ಲದಿಂದ ಬಣ್ಣವನ್ನು ಕಳೆಯುವುದು. ಕೊನೆಗೆ ಮೆಥಿಲೀನ್ ಬ್ಲೂ. ಕ್ಷಯದ ದಂಡಾಣುವಿನ ಹೊರಗೋಡೆ ಮೇಣದಂಥ ಕೊಬ್ಬಿನಿಂದ ಕೂಡಿರುವುದರಿಂದ ಒಮ್ಮೆ ಹಿಡಿದ ಕೆಂಪನ್ನು ಆಮ್ಲಕ್ಕೂ ಬಿಟ್ಟುಕೊಡುವುದಿಲ್ಲ. ಉಳಿದುದೆಲ್ಲ ನೀಲಿಯಾಗುತ್ತದೆ. ಎಣ್ಣೆಯ ಹನಿಯಿಟ್ಟು ನೋಡಿದರೆ ನೀಲಿ ಬಯಲಿನಲ್ಲಿ ಕೆಂಪು ಕಡ್ಡಿಗಳು. ಝೀಲ್ ಮತ್ತು ನೀಲ್ಸನ್ ಎಂಬ ಇಬ್ಬರ ಹೆಸರಿನ ಈ ವಿಧಾನ ಕಾಕ್‌ನ ಶೋಧದ ಬೆನ್ನಿಗೇ ರೂಪುಗೊಂಡದ್ದು.

ಒಂದು ಕಡ್ಡಿಯೂ ಕಾಣದಿದ್ದರೆ 'ಇಲ್ಲ' ಎಂದು ಬರೆಯುವ ಮುನ್ನ ನೂರು ನೋಟಗಳನ್ನು ನೋಡಲೇಬೇಕೆಂಬುದು ನಿಯಮ. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು ಹತ್ತು ಸಾವಿರ ದಂಡಾಣುಗಳಿದ್ದರೆ ಮಾತ್ರ ಈ ವಿಧಾನದಲ್ಲಿ ಅವು ಕಣ್ಣಿಗೆ ಬೀಳುತ್ತವೆ. ಆದುದರಿಂದ ಅವಸರದವನ ಕಣ್ಣಿಗೆ ರೋಗಿಯೂ ಆರೋಗ್ಯವಂತನಾಗಿಯೇ ಕಾಣುವನು. ದಂಡಾಣುವನ್ನು ಪೋಷಕದಲ್ಲಿ ಬೆಳೆಸಿ ನೋಡುವುದು ಹೆಚ್ಚು ನಂಬಿಕೆಗೆ ತಕ್ಕದ್ದಾದರೂ ಅದು ಮೊಳೆಯಲು ವಾರಗಳೇ ಬೇಕು. ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಬಗೆಯಾದರೆ ಇದಕ್ಕೆ ಹೆಚ್ಚುಕಡಿಮೆ ಒಂದು ದಿನ. ಊರಿನ ಕೇಂದ್ರಕ್ಕೆ ಫಲಕವೇ ಗತಿ.

ಇನ್ನು ಭಾಷೆಯ ಮಾತು. ಈ ವಿದ್ಯೆಯ ಅತ್ಯಂತ ಕಠಿಣವಾದ ಹಂತ ಸೂಕ್ಷ್ಮದರ್ಶಕದ ಬಳಿಯಲ್ಲಿ ಅಲ್ಲ, ರೋಗಿಯ ಬಳಿಯಲ್ಲಿದೆ. ಡಬ್ಬಿಯಲ್ಲಿ ಎಂಜಲನ್ನು ಉಗುಳಿದರೆ ಪರೀಕ್ಷೆ ವ್ಯರ್ಥ; ಎದೆಯಾಳದಿಂದ ಕೆಮ್ಮಿ ಬಂದ ಕಫವೇ ಬೇಕು, ಬೆಳಗಿನದಾದರೆ ಉತ್ತಮ. ಎಂಜಲಿಗೂ ಕಫಕ್ಕೂ ಇರುವ ಅಂತರವನ್ನು, ನಾಚಿಕೆಯಿಂದ ಸೆರಗನ್ನು ಬಾಯಿಗೆ ಅಡ್ಡ ಹಿಡಿದ ತಾಯಿಗೆ ತಿಳಿಯುವಂತೆ ಹೇಳಲು ಅವಳ ಮನೆಮಾತೇ ಬೇಕು. ನಮ್ಮ ಸೀಮೆಯ ಆರೋಗ್ಯ ಕಾರ್ಯಕರ್ತರು ತೆಲುಗು ಕನ್ನಡಗಳೆರಡನ್ನೂ ಸಲೀಸಾಗಿ ಬಳಸುವುದನ್ನು ನಾವೆಲ್ಲ ಕಂಡಿದ್ದೇವೆ. ಸರ್ಕಾರದ ಕಡತದಲ್ಲಿ ಈ ಇಬ್ಬಾಷೆಯ ಅರ್ಹತೆಗೆ ಅಂಕಣವಿಲ್ಲ. ಕನ್ನಡದಲ್ಲಿ ವಿಜ್ಞಾನ ಹೇಳುವ ಕೆಲಸಕ್ಕೆ 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ 'ವಿಜ್ಞಾನ' ಮಾಸಪತ್ರಿಕೆಯಿಂದ ಕೈಹಚ್ಚಿದ್ದರು. ಆ ಪತ್ರಿಕೆ ಬಹುಕಾಲ ಬಾಳಲಿಲ್ಲ. ಆದರೂ ಅಣು, ಜೀವಿ, ಸೋಂಕು ಎಂಬ ಮಾತುಗಳು ಇಂದು ನಮ್ಮ ನಾಲಗೆಯ ಮೇಲೆ ಸಹಜವಾಗಿ ಹೊರಳುವುದರಲ್ಲಿ ಅಂಥವರ ಪಾಲಿದೆ.

ಅನಂತಪುರದ ಮಾದರಿಯನ್ನು ಅನುಸರಿಸಿ 1962ರಿಂದ ಕಾರ್ಯಕ್ರಮ ದೇಶಕ್ಕೆಲ್ಲ ಹರಡಿತು. ಫಲ ನಿರೀಕ್ಷಿಸಿದಂತೆ ಬರಲಿಲ್ಲವೆಂಬುದನ್ನೂ ಹೇಳಬೇಕು. ವರ್ಷಕ್ಕೂ ಮಿಕ್ಕಿ ಮಾತ್ರೆ ನುಂಗಬೇಕಾಗಿದ್ದ ರೋಗಿ ಎರಡು ಮೂರು ತಿಂಗಳಲ್ಲಿ ಕೆಮ್ಮು ನಿಂತೊಡನೆ ಕೂಲಿಗೆ ಹೋಗಿಬಿಡುತ್ತಿದ್ದ, ಔಷಧದ ಸರಬರಾಜು ನಡುನಡುವೆ ಕಡಿದುಹೋಗುತ್ತಿತ್ತು, ಹಣವೂ ಸಾಲದು. 1992ರಲ್ಲಿ ನಡೆದ ರಾಷ್ಟ್ರೀಯ ಪುನರ್ವಿಮರ್ಶೆಯು ಚಿಕಿತ್ಸೆಯನ್ನು ಪೂರ್ಣಗೊಳಿಸಿದವರು ಅರ್ಧಕ್ಕಿಂತಲೂ ಕಡಿಮೆಯೆಂದು ಕಂಡುಕೊಂಡಿತು. 1997ರಿಂದ ಹರಡಿದ ಪರಿಷ್ಕೃತ ಕಾರ್ಯಕ್ರಮದಲ್ಲಿ ಅವಧಿ ಕಿರಿದಾಯಿತು, ಎದುರಿಗೆ ನಿಂತು ಮಾತ್ರೆ ನುಂಗಿಸುವ ಏರ್ಪಾಡು ಬಂತು. ಕಫದ ಫಲಕ ಮಾತ್ರ ಹಾಗೆಯೇ ಉಳಿಯಿತು. ಕ್ಷಕಿರಣದ ಚಿತ್ರಕ್ಕಿಂತ ಫಲಕವನ್ನೇ ಮುಂದಿಟ್ಟ ನಿರ್ಧಾರ ಸರಿಯಾದುದೆಂದು ನಮ್ಮ ಅಭಿಪ್ರಾಯ. ಚಿತ್ರದಲ್ಲಿ ಕಲೆ ಕಾಣುತ್ತದೆ, ಫಲಕದಲ್ಲಿ ಇತರರಿಗೆ ರೋಗ ಹರಡಬಲ್ಲವನು ಕಾಣುತ್ತಾನೆ.

ಈಚಿನ ವರ್ಷಗಳಲ್ಲಿ ರೋಗಾಣುವಿನ ವಂಶವಾಹಿಯನ್ನೇ ಸುಮಾರು ಎರಡು ತಾಸಿನಲ್ಲಿ ಗುರುತಿಸಿ, ಮುಖ್ಯ ಔಷಧಕ್ಕೆ ಅದು ಬಗ್ಗುವುದೋ ಇಲ್ಲವೋ ಎಂಬುದನ್ನೂ ಹೇಳುವ ಯಂತ್ರಗಳು ಬಂದಿವೆ. 2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆಯೂ ಇಬ್ಭಾಗವಾಗಿ ಕೊಡಿಕೊಂಡ, ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು. ಕಲ್ಯಾಣದುರ್ಗ ಹಳೆಯ ಜಿಲ್ಲೆಯಲ್ಲಿಯೇ ಉಳಿಯಿತು. ಪದವಿ ತರಗತಿಯಲ್ಲಿ ಸೂಕ್ಷ್ಮಜೀವಿವಿಜ್ಞಾನಕ್ಕೆ ಸೇರುವ ಈ ಸೀಮೆಯ ವಿದ್ಯಾರ್ಥಿಗಳು ಮನೆಯ ಮೊಸರಿನ ಒಂದು ಹನಿಗೆ ಬಣ್ಣ ಹಾಕಿ ನೋಡುವುದರಿಂದ ಆರಂಭಿಸಿ ಝೀಲ್-ನೀಲ್ಸನ್ ವಿಧಾನದ ತನಕ ಬರುತ್ತಾರೆ. ಅವರಲ್ಲಿ ಹುಳು ಸಾಕುವ ಮನೆಗಳವರೂ ಇದ್ದಾರೆ. ಅವರ ಪಠ್ಯಪುಸ್ತಕದಲ್ಲಿ ಅಲೆಸ್ ಇದೆ, ಬರ್ಲಿನ್ ಇದೆ. ಅನಂತಪುರದ 1961ರ ಸಂಗತಿಯನ್ನು ಅವರಿಗೆ ಹೇಳಬೇಕಾದವರು ಮನೆಯ ಹಿರಿಯರು, ಊರಿನ ಮೇಷ್ಟರುಗಳು, ನಮ್ಮಂಥ ಸಂಘಗಳವರು. ಹಳೆಯ ಆರೋಗ್ಯ ಕೇಂದ್ರಗಳಲ್ಲಿ ದುಡಿದು ನಿವೃತ್ತರಾದವರು ನಮ್ಮ ಸದಸ್ಯರ ಮನೆಗಳಲ್ಲಿದ್ದರೆ, ಅವರು ಕಂಡದ್ದನ್ನು ಅವರದೇ ಮಾತಿನಲ್ಲಿ ಈಗಲೇ ಬರೆಸಿಕೊಳ್ಳಬೇಕೆಂದು ಕೋರುತ್ತೇವೆ.