ಜೀರ್ಣೋದ್ಧಾರಕ್ಕೆ ಯಾವ ಮೋಟಾರು? – ಒಂದು ಐತಿಹಾಸಿಕ ವಿವೇಚನೆ

ಜೀರ್ಣೋದ್ಧಾರವೆಂಬುದು ನಮ್ಮ ಸೊಲ್ಲಾಪುರದ ಕನ್ನಡಿಗರಿಗೆ ಹೊಸ ಮಾತಲ್ಲ. ಕೆರೆಯನ್ನು ಕಟ್ಟಿಸಿದ ಸಿದ್ಧರಾಮರ ಊರಿನಲ್ಲಿ ಬೆಳೆದವರಿಗೆ ಹಳೆಯ ಗುಡಿ, ಹಳೆಯ ಬಾವಿ, ಬಿದ್ದ ವಾಡೆಗಳನ್ನು ಮರಳಿ ನಿಲ್ಲಿಸುವ ಕಾರ್ಯದ ಹಿರಿಮೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಈಚೆಗೆ ನಮ್ಮ ಮನೆಗಳ ತರುಣರು ಹಳೆಯ ಮೋಟಾರುಗಾಡಿಗಳ ಜೀರ್ಣೋದ್ಧಾರಕ್ಕೂ ಕೈಹಾಕುತ್ತಿರುವರು. ಅವರಲ್ಲಿ ರಾಜರ ಗಾಡಿಗಳನ್ನು ಕೊಳ್ಳುವಷ್ಟು ಸಿರಿವಂತರು ಯಾರೂ ಇಲ್ಲ. ನೌಕರಿಯ ಉಳಿತಾಯದಲ್ಲಿಯೋ, ಅಂಗಡಿಯ ಲಾಭದಲ್ಲಿಯೋ ಕೊಂಚ ಹಣವನ್ನು ಬದಿಗಿಟ್ಟು, ‘ಯಾವ ಗಾಡಿಯನ್ನು ಹಿಡಿಯೋಣ?’ ಎಂದು ನಮ್ಮನ್ನು ಬಂದು ಕೇಳುತ್ತಾರೆ. ಈ ಪ್ರಶ್ನೆಗೆ ಗ್ಯಾರೇಜಿನಲ್ಲಿ ಅರ್ಧ ಉತ್ತರ ಮಾತ್ರ ದೊರೆಯುವುದು. ಉಳಿದರ್ಧವು ನಮ್ಮ ದೇಶದ ಮೋಟಾರು ಕಾರ್ಖಾನೆಗಳ ಇತಿಹಾಸದಲ್ಲಿದೆ. ಅದನ್ನು ಅರಿಯದೆ ಹೋದುದರಿಂದ ನಾವು ಒಮ್ಮೆ ಕೈಸುಟ್ಟುಕೊಂಡಿದ್ದೇವೆ.

ಆ ಕಥೆಯನ್ನೇ ಮೊದಲು ಹೇಳಿಬಿಡುವುದು ಲೇಸು. ಕೆಲವು ವರ್ಷಗಳ ಹಿಂದೆ ನಾವು ಮೂವರು ಗೆಳೆಯರು ನಿವೃತ್ತಿಯ ಹಣದ ಒಂದೊಂದು ಪಾಲನ್ನು ಕೂಡಿಸಿ, ಪಕ್ಕದ ಜಿಲ್ಲೆಯ ಒಂದು ಕೊಟ್ಟಿಗೆಯಲ್ಲಿ ನಿಂತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಗಾಡಿಯನ್ನು ಕೊಂಡೆವು. ಅದರ ರೂಪಕ್ಕೆ ಮರುಳಾಗದವರು ಅಪರೂಪ. ಇಟಲಿಯ ಮಿಕೆಲೋಟ್ಟಿ ಎಂಬ ವಿನ್ಯಾಸಕಾರನು ಬರೆದ ಆಕೃತಿ ಅದು. ಮುಂಭಾಗದ ಬಾನೆಟ್ಟು ಎರಡೂ ಕಡೆಯ ಮಡ್‌ಗಾರ್ಡುಗಳ ಸಮೇತ ಒಮ್ಮೆಗೇ ಮುಂದಕ್ಕೆ ಬಾಗಿ ತೆರೆದುಕೊಳ್ಳುವುದರಿಂದ, ಮುಂದಿನ ಚಕ್ರದ ಮೇಲೆ ಕುಳಿತೇ ಇಂಜಿನಿನ ಕೆಲಸ ಮಾಡಬಹುದು. ಚಾಸಿಯು ಬೇರೆ, ಮೇಲಿನ ಕವಚವು ಬೇರೆ; ಕವಚದ ಭಾಗಗಳನ್ನು ಬೋಲ್ಟು ಬಿಚ್ಚಿ ತೆಗೆಯಬಹುದು. ಹೊಸಬರಿಗೆ ಇದಕ್ಕಿಂತ ಸುಲಭವಾದ ಗಾಡಿಯುಂಟೇ ಎಂದುಕೊಂಡೆವು. ಮನೆಗೆ ತಂದ ಮೇಲೆ ನೋಡುತ್ತೇವೆ, ಮುಂದಿನ ಗಾಜು ಒಡೆದಿದೆ. ಹಿಂಭಾಗದಲ್ಲಿ ಅಡ್ಡಲಾಗಿ ಹಾಯುವ ಪಟ್ಟಿ ಸ್ಪ್ರಿಂಗು ಮುರಿದಿದೆ. ಹಿಂದಿನ ಅಚ್ಚುಗಳಲ್ಲಿ ಒಂದು ಇಲ್ಲವೇ ಇಲ್ಲ. ಎರಡು ವರ್ಷ ಹುಡುಕಿದೆವು. ಕೊನೆಗೆ ಕೊಟ್ಟ ಹಣದ ಮೂರನೆಯ ಒಂದಂಶಕ್ಕೆ ಮದರಾಸಿನ ಕಡೆಯ ಒಬ್ಬ ಹವ್ಯಾಸಿಗೆ ಅದನ್ನು ಒಪ್ಪಿಸಿದೆವು. ಮನೆಯಲ್ಲಿ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ.

ದೋಷವು ಗಾಡಿಯದಲ್ಲ. ಮದರಾಸಿನ ಸ್ಟ್ಯಾಂಡರ್ಡ್ ಕಾರ್ಖಾನೆಯು 1961ರಿಂದ 1971ರವರೆಗೆ ಸುಮಾರು ಹತ್ತು ವರ್ಷ ಮಾತ್ರ ಹೆರಾಲ್ಡನ್ನು ಮಾಡಿತು. ಅದರ ತರುವಾಯದ ಗೆಜೆಲ್ ಗಾಡಿಯ ಬಾಳು ಇನ್ನೂ ಕಿರಿದು. 1988ರಲ್ಲಿ ಆ ಕಂಪನಿಯ ಕಾರು ತಯಾರಿಕೆಯೇ ನಿಂತಿತು. ಸ್ವಲ್ಪ ಕಾಲ ಬಾಳಿದ ಗಾಡಿಗೆ ಬಿಡಿಭಾಗಗಳೂ ಸ್ವಲ್ಪವೇ. ಕಾರ್ಖಾನೆಯು ಒಂದೇ ಆಕೃತಿಯನ್ನು ಎಷ್ಟು ವರ್ಷ ಹಿಡಿದುಕೊಂಡಿತ್ತು ಎಂಬ ಒಂದೇ ಸಂಗತಿಯು, ಇಂದು ಜೀರ್ಣೋದ್ಧಾರಕ್ಕೆ ತಗಲುವ ವೆಚ್ಚವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಇದನ್ನು ತಿಳಿಯಲು ನಾವು ಹಿಂದಕ್ಕೆ, ಅದರಲ್ಲೂ ನಮ್ಮ ಊರಿನವರೇ ಆದ ಒಬ್ಬರ ಕಡೆಗೆ ಹೋಗಬೇಕಾಗುವುದು.

ವಾಲಚಂದ ಹಿರಾಚಂದರು 1882ರಲ್ಲಿ ಸೊಲ್ಲಾಪುರದಲ್ಲಿ ಜನಿಸಿದರು. ಗುಜರಾತಿ ಮೂಲದ ಜೈನ ಮನೆತನ. ಅವರ ಹೆಸರಿನ ಕಾಲೇಜುಗಳಲ್ಲಿ ನಮ್ಮ ಎಷ್ಟೋ ಮಕ್ಕಳು ಓದಿದ್ದಾರೆ. ಆದರೆ ಈ ದೇಶದ ಮೋಟಾರಿನ ಕಥೆಯಲ್ಲಿ ಅವರ ಪಾತ್ರವೇನೆಂದು ಕೇಳಿದರೆ ಉತ್ತರಿಸುವವರು ವಿರಳ. ಆ ಕಾಲದಲ್ಲಿ ನಮ್ಮ ದೇಶದಲ್ಲಿ ಮೋಟಾರು ತಯಾರಾಗುತ್ತಿರಲಿಲ್ಲ. ಜನರಲ್ ಮೋಟಾರ್ಸ್ ಕಂಪನಿಯು 1928ರಲ್ಲಿ ಮುಂಬಯಿಯ ಶಿವಡಿಯಲ್ಲಿ ಕಾರ್ಖಾನೆಯನ್ನು ತೆರೆದಿತ್ತಾದರೂ, ಹಡಗಿನಲ್ಲಿ ಬಂದ ಭಾಗಗಳನ್ನು ಇಲ್ಲಿ ಜೋಡಿಸಿ ಮಾರುವುದಷ್ಟೇ ಅದರ ಕಾರ್ಯವಾಗಿತ್ತು. ಫೋರ್ಡ್ ಕಂಪನಿಯದೂ ಅದೇ ರೀತಿ.

ಮೈಸೂರಿನ ದಿವಾನಗಿರಿಯಿಂದ ನಿವೃತ್ತರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ, ಎಪ್ಪತ್ತನ್ನು ದಾಟಿದ ವಯಸ್ಸಿನಲ್ಲಿ, ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡುಬಂದರು. ಗಾಡಿಯನ್ನು ಇಲ್ಲಿಯೇ ತಯಾರಿಸಬೇಕೆಂದು ಯೋಜನೆಯೊಂದನ್ನು ಸಿದ್ಧಪಡಿಸಿದರು. ಅದಕ್ಕೆ ಹೆಗಲುಕೊಟ್ಟವರಲ್ಲಿ ವಾಲಚಂದರು ಮುಖ್ಯರು. ಮುದ್ದೇನಹಳ್ಳಿಯ ಇಂಜಿನಿಯರರೂ ಸೊಲ್ಲಾಪುರದ ವ್ಯಾಪಾರಿಯೂ ಒಂದೇ ಕಾಗದದ ಮುಂದೆ ಕುಳಿತ ಈ ಪ್ರಸಂಗವನ್ನು ನೆನೆದಾಗ ಗಡಿಯ ಕನ್ನಡಿಗರಾದ ನಮಗೆ ಒಂದು ಬಗೆಯ ಸಲುಗೆಯ ಹೆಮ್ಮೆಯುಂಟಾಗುವುದು ಸಹಜ. ಆದರೆ ಬ್ರಿಟಿಷ್ ಸರ್ಕಾರವು ಬೇಕಾದ ಬೆಂಬಲವನ್ನು ಕೊಡಲಿಲ್ಲ. ಅಷ್ಟರಲ್ಲಿ ಯುದ್ಧವೂ ಬಂತು. ವಾಲಚಂದರು ಸುಮ್ಮನೆ ಕೂಡುವ ಜಾಯಮಾನದವರಲ್ಲ. 1940ರಲ್ಲಿ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು, ಇಂದಿನ ಎಚ್.ಎ.ಎಲ್. ಅದೇ. ಮೋಟಾರಿಗಿಂತ ಮೊದಲು ವಿಮಾನವೇ ಕೈಗೂಡಿತು! 1944ರಲ್ಲಿ ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್ ಹುಟ್ಟಿತು. ಕುರ್ಲಾದ ಕಾರ್ಖಾನೆಯಿಂದ 1947ರಲ್ಲಿ ಅಮೆರಿಕದ ಕ್ರೈಸ್ಲರ್ ಕಂಪನಿಯ ಗಾಡಿಗಳು ಹೊರಬಂದವು. ಅದಕ್ಕೂ ಎರಡು ವರ್ಷ ಮೊದಲೇ, 1942ರಲ್ಲಿ, ಬಿರ್ಲಾ ಮನೆತನದವರು ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯನ್ನು ಸ್ಥಾಪಿಸಿದ್ದರು. ಗುಜರಾತದ ಓಖಾ ಬಂದರಿನಲ್ಲಿ ಮೊದಲಾದ ಆ ಕಾರ್ಯವು 1948ರಲ್ಲಿ ಬಂಗಾಳದ ಉತ್ತರಪಾಡಾಕ್ಕೆ ಸ್ಥಳಾಂತರವಾಯಿತು.

1953ರಲ್ಲಿ ಸುಂಕ ಆಯೋಗದ ವರದಿಯ ಮೇರೆಗೆ ಭಾರತ ಸರ್ಕಾರವು ಒಂದು ನಿಯಮವನ್ನು ಮಾಡಿತು: ಬರಿಯ ಜೋಡಣೆ ಸಾಲದು, ಇಲ್ಲಿಯೇ ತಯಾರಿಸುವ ಯೋಜನೆಯುಳ್ಳವರು ಮಾತ್ರ ಉಳಿಯಬಹುದು. ಅಮೆರಿಕದ ಎರಡು ಕಂಪನಿಗಳೂ ಗಂಟುಕಟ್ಟಿದವು. ವಾಲಚಂದರು ಅದೇ ವರ್ಷ ತೀರಿಕೊಂಡರು. ಮುಂದಿನ ಮೂರು ದಶಕಗಳ ಕಾಲ ನಮ್ಮ ರಸ್ತೆಗಳಲ್ಲಿ ಕಾರೆಂದರೆ ಮುಖ್ಯವಾಗಿ ಮೂರೇ: ಉತ್ತರಪಾಡಾದ ಅಂಬಾಸಿಡರ್, ಕುರ್ಲಾದ ಫಿಯೆಟ್, ಮದರಾಸಿನ ಸ್ಟ್ಯಾಂಡರ್ಡ್. ಆಮದಿಗೆ ತಡೆ, ತಯಾರಿಕೆಗೆ ಪರವಾನಗಿ, ಬೆಲೆಗೆ ಸರ್ಕಾರದ ಹಿಡಿತ. ಹಣ ಕಟ್ಟಿ ವರ್ಷಗಟ್ಟಲೆ ಕಾದರೂ ಸಿಗುತ್ತಿದ್ದುದು ಅದೇ ಹಳೆಯ ಆಕೃತಿ. ನಮ್ಮ ತಂದೆಯವರ ಪೀಳಿಗೆಯು ಇದನ್ನು ಬೈದುಕೊಂಡೇ ಬಾಳಿತು, ಬೈದುದರಲ್ಲಿ ನ್ಯಾಯವೂ ಇತ್ತು. ಆದರೆ ಅಂದಿನ ಆ ಜಡತೆಯೇ ಇಂದು ಬಡ ಹವ್ಯಾಸಿಯ ಭಾಗ್ಯವಾಗಿ ಪರಿಣಮಿಸಿದೆ.

ಅಂಬಾಸಿಡರನ್ನು ನೋಡಿರಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾಲಿಕೆಯ ಗಾಡಿಯೇ ಅದು. ಅಲ್ಲಿ 1959ಕ್ಕೆ ಅದರ ಕಾಲ ಮುಗಿಯಿತು. ಇಲ್ಲಿ 1957–58ರಲ್ಲಿ ಮೊದಲಾದುದು 2014ರ ಮೇ ತಿಂಗಳವರೆಗೆ ನಡೆಯಿತು. ಮುಖದ ಜಾಲರಿ ಬದಲಾಯಿತು, ಇಂಜಿನು ಬದಲಾಯಿತು, ಮೈಕಟ್ಟು ಮಾತ್ರ ಅದೇ. ಆದುದರಿಂದ ಬಾಗಿಲು, ಗಾಜು, ಬ್ರೇಕಿನ ಭಾಗಗಳು ಇನ್ನೂ ಗುಜರಿಗಳಲ್ಲಿ ದೊರೆಯುತ್ತವೆ. ಆದರೂ ಎರಡು ಎಚ್ಚರಿಕೆಗಳನ್ನು ಹೇಳಬೇಕು. ಸಾವಿರ ಕಿಲೋಗೂ ಮಿಕ್ಕಿದ ಆ ಗಾಡಿಗೆ ಅಂಗಳವು ದೊಡ್ಡದಾಗಿರಬೇಕು. ಅದಲ್ಲದೆ, ಬಾಡಿಗೆಗೆ ದುಡಿದ ಎಷ್ಟೋ ಅಂಬಾಸಿಡರುಗಳ ಪೆಟ್ರೋಲ್ ಇಂಜಿನನ್ನು ತೆಗೆದು ಡೀಸೆಲ್ ಇಂಜಿನನ್ನು ಕೂರಿಸಲಾಗಿದೆ. ಅಂಥದು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬಾರದು. ಮೂಲ ಇಂಜಿನನ್ನು ಹುಡುಕಿ ತರುವಷ್ಟರಲ್ಲಿ ಉಳಿದ ಹಣವೆಲ್ಲ ಕರಗಿಹೋಗುವುದು.

ನಮ್ಮ ಒಲವು ಫಿಯೆಟ್ಟಿನ ಕಡೆಗೆ. ಊರಿನ ಅಭಿಮಾನವು ಇದರಲ್ಲಿ ಸ್ವಲ್ಪ ಬೆರೆತಿದ್ದರೆ ವಾಚಕರು ಕ್ಷಮಿಸಬೇಕು. ಇಟಲಿಯಲ್ಲಿ 1953ರಲ್ಲಿ ಬಂದ ಫಿಯೆಟ್ 1100 ಗಾಡಿಯನ್ನು ಪ್ರೀಮಿಯರಿನವರು ಅದೇ ದಶಕದಲ್ಲಿ ಇಲ್ಲಿಗೆ ತಂದರು. ಆ ಮೊದಲಿನ ಉರುಟು ಮೈಯ ಗಾಡಿಗೆ ನಮ್ಮ ಮರಾಠಿ ನೆರೆಯವರು ‘ಡುಕ್ಕರ ಫಿಯೆಟ್’ ಎಂದು ಹೆಸರಿಟ್ಟರು, ಡುಕ್ಕರವೆಂದರೆ ಹಂದಿ. ಅದರ ಮುಂದಿನ ಬಾಗಿಲುಗಳು ಈಗಿನವಕ್ಕೆ ವಿರುದ್ಧವಾಗಿ, ಮುಂದಿನ ಅಂಚಿನಿಂದ ತೆರೆಯುತ್ತವೆ. ನೋಟಕ್ಕೆ ಬಲು ಚೆಂದ. ಆದರೆ ಸಂಗ್ರಾಹಕರ ಕಣ್ಣು ಬಿದ್ದಿರುವುದರಿಂದ ನಮ್ಮಂಥವರಿಗೆ ಎಟಕುವುದು ಕಷ್ಟ. 1964ರಲ್ಲಿ ‘ಡಿಲೈಟ್’ ಎಂಬ ಮಾದರಿಯು ಬಂತು. ಎಪ್ಪತ್ತರ ದಶಕದ ಆರಂಭದಲ್ಲಿ ಅದೇ ಗಾಡಿಗೆ ‘ಪ್ರೆಸಿಡೆಂಟ್’ ಎಂದೂ, 1974ರಲ್ಲಿ ‘ಪದ್ಮಿನಿ’ ಎಂದೂ ಹೆಸರಾಯಿತು. ಜಾಲರಿ, ದೀಪ, ಒಳಗಿನ ಫಲಕ ಮೊದಲಾದವುಗಳಲ್ಲಿ ಭೇದವಿದ್ದರೂ, 1089 ಸಿ.ಸಿ.ಯ ಇಂಜಿನು ಮತ್ತು ಮೈಕಟ್ಟು ಒಂದೇ ವಂಶದವು. 2000ದ ಹೊತ್ತಿನವರೆಗೂ ಅದರ ತಯಾರಿಕೆ ನಡೆಯಿತು. ಮುಂಬಯಿಯಲ್ಲಿ ಸಾವಿರಾರು ಕಪ್ಪು-ಹಳದಿ ಟ್ಯಾಕ್ಸಿಗಳಾಗಿ ಅದು ದುಡಿಯುತ್ತಿದ್ದುದರಿಂದ ಬಿಡಿಭಾಗಗಳ ಪೇಟೆಯೂ ಬದುಕಿಕೊಂಡಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿಯು 2023ರ ಅಕ್ಟೋಬರಿನ ಕೊನೆಯಲ್ಲಿ ಬೀದಿಯಿಂದ ಮರೆಯಾಯಿತು. ಆದುದರಿಂದ, ಮಾಡುವುದಿದ್ದರೆ ಬೇಗ ಮಾಡಬೇಕು. ಮುಂಬಯಿಯ ಚೋರ್ ಬಜಾರಿನಲ್ಲಿ ಇಂದು ಸಿಗುವುದು ಹತ್ತು ವರ್ಷದ ಮೇಲೆ ಸಿಕ್ಕೀತೆಂಬ ಭರವಸೆಯಿಲ್ಲ.

ನಮ್ಮ ಎರಡನೆಯ ಪ್ರಯತ್ನವು 1969ರ ಒಂದು ಡಿಲೈಟ್. ಅಕ್ಕಲಕೋಟೆಯ ದಾರಿಯ ಹಳ್ಳಿಯೊಂದರ ವಾಡೆಯಲ್ಲಿ, ಜೋಳದ ಚೀಲಗಳ ಹಿಂದೆ ನಿಂತಿತ್ತು. ಯಜಮಾನರು ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯ ಹಿರಿಯ ತಾಯಿ ಬೆಲೆಯ ವಿಷಯವಾಗಿ ಹೆಚ್ಚು ಚೌಕಾಸಿ ಮಾಡಲಿಲ್ಲ. “ಒಯ್ರಿ ಅಣ್ಣಾರ, ಆದರ ಗುಜರಿಗೆ ಮಾತ್ರ ಹಾಕಬ್ಯಾಡ್ರಿ. ನಾಕು ವರ್ಷ ಕಾಯ್ದು ತಂದಿದ್ರು ಅವರು” ಎಂದಷ್ಟೇ ಹೇಳಿದರು. ಆ ಮಾತಿನಿಂದಾಗಿ ನಮ್ಮ ಮೇಲೊಂದು ಹೊರೆ ಬಿದ್ದಂತಾಯಿತು.

ಈ ಸಲ ನಾವು ಕಣ್ಣುಮುಚ್ಚಿ ಕೊಳ್ಳಲಿಲ್ಲ. ಇಂಜಿನು ನಿಂತುಹೋಗಿದ್ದರೆ ಅಂಜಬೇಕಾಗಿಲ್ಲ. ಲೇತಿನವನೂ ಒಳ್ಳೆಯ ಮೇಸ್ತ್ರಿಯೂ ಇದ್ದರೆ ಅದನ್ನು ಎಬ್ಬಿಸಬಹುದು. ಹಣವನ್ನು ನುಂಗುವುದು ತುಕ್ಕು. ಫಿಯೆಟ್ಟಿಗೂ ಅಂಬಾಸಿಡರಿಗೂ ಪ್ರತ್ಯೇಕ ಚಾಸಿಯಿಲ್ಲ, ಮೈಯೇ ಚಾಸಿ. ಆದ್ದರಿಂದ ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ತಳ, ಹಿಂದಿನ ಪೆಟ್ಟಿಗೆಯ ತಳ ಕೊಳೆತಿದ್ದರೆ ಗಾಡಿಯ ಬೆನ್ನೆಲುಬೇ ಕೊಳೆತಂತೆ. ಬಾಗಿಲನ್ನು ತೆರೆದು ಮೆಲ್ಲನೆ ಎತ್ತಿ ನೋಡಬೇಕು. ತೆರೆದೊಡನೆ ಅದು ಕೆಳಕ್ಕೆ ಜೋತುಬಿದ್ದರೆ ಹಿಂಜು ಸವೆದಿರಬಹುದು, ಇಲ್ಲವೇ ಕಂಬವೇ ಸಡಿಲಾಗಿರಬಹುದು. ಎರಡನೆಯದಾದರೆ ನಮಸ್ಕಾರ ಹೇಳಿ ಬರುವುದೇ ಜಾಣತನ. ಅಯಸ್ಕಾಂತದ ತುಂಡೊಂದನ್ನು ತೆಳುಬಟ್ಟೆಯಲ್ಲಿ ಸುತ್ತಿ ಮೈಮೇಲೆಲ್ಲ ಆಡಿಸಬೇಕು. ಹಿಡಿಯದ ಕಡೆ ಬಣ್ಣದ ಕೆಳಗಿರುವುದು ಪುಟ್ಟಿ, ತಗಡಲ್ಲ. ಮಳೆ ಕಡಿಮೆಯಿರುವ ನಮ್ಮ ಬಯಲುಸೀಮೆಯಲ್ಲಿ ನಿಂತ ಗಾಡಿಯು, ಕಡಲ ಗಾಳಿಯುಂಡ ಮುಂಬಯಿಯ ಗಾಡಿಗಿಂತ ಎಷ್ಟೋ ಪಾಲು ಮೇಲು. ಸೊಲ್ಲಾಪುರದ ಬಿಸಿಲನ್ನು ಶಪಿಸುವವರು ಇದೊಂದನ್ನಾದರೂ ನೆನೆಯಬೇಕು.

ಇನ್ನೊಂದು ಮಾತು: ಪೂರ್ಣವಾಗಿರುವ ಕೆಟ್ಟ ಗಾಡಿಯು, ಅರ್ಧ ಬಿಚ್ಚಿಟ್ಟ ಒಳ್ಳೆಯ ಗಾಡಿಗಿಂತ ಅಗ್ಗ. ‘ಎಲ್ಲ ಸಾಮಾನೂ ಡಬ್ಬಿಯಲ್ಲಿದೆ’ ಎನ್ನುವ ಮಾರಾಟಗಾರನ ಡಬ್ಬಿಯಲ್ಲಿ ಯಾವಾಗಲೂ ಏನಾದರೊಂದು ಇರುವುದಿಲ್ಲ. ಇಲ್ಲವಾಗುವುದು ಪಿಸ್ಟನ್ನಲ್ಲ, ಕ್ರೋಮಿನ ಪಟ್ಟಿ, ದೀಪದ ಗಾಜು, ಬಾಗಿಲ ಹಿಡಿಯಂಥ ಚಿಕ್ಕ ಸಾಮಾನು. ದುಬಾರಿಯಾಗುವುದೂ ಅವೇ.

ನಮ್ಮ ಡಿಲೈಟಿನ ಕೆಲಸವು ಮೂರು ಭಾಷೆಗಳಲ್ಲಿ ನಡೆಯಿತು. ಇಂಜಿನಿನ ಮೇಸ್ತ್ರಿಯದು ದಖನಿ ಉರ್ದು, ತಗಡಿನವನದು ತೆಲುಗು, ಸಾಮಾನು ತರುವವನದು ಮರಾಠಿ. ದುಡ್ಡು ಎಣಿಸುವ ಕೆಲಸ ಮಾತ್ರ ಕನ್ನಡದಲ್ಲಾಯಿತು. ಎಪ್ಪತ್ತು ಮುಟ್ಟಿದ ಆ ಮೇಸ್ತ್ರಿಯು ಕಾರ್ಬುರೇಟರನ್ನು ಕಿವಿಯಿಂದಲೇ ಶ್ರುತಿ ಮಾಡುವವರು. ಅವರಿಗೆ ಶಿಷ್ಯರಿಲ್ಲ. ಗಾಡಿಯನ್ನು ಆರಿಸುವ ಮುನ್ನ, ಅದನ್ನು ಬಲ್ಲ ಮೇಸ್ತ್ರಿ ನಿಮ್ಮ ಊರಿನಲ್ಲಿ ಇದ್ದಾನೆಯೇ ಎಂದು ವಿಚಾರಿಸಿರಿ. ಸೊಲ್ಲಾಪುರದಲ್ಲಿ ಫಿಯೆಟ್ ಬಲ್ಲವರು ಇನ್ನೂ ಕೆಲವರಿದ್ದಾರೆ, ಹೆರಾಲ್ಡ್ ಬಲ್ಲವರು ನಮಗೆ ಒಬ್ಬರೂ ಸಿಗಲಿಲ್ಲ. ರಬ್ಬರಿನ ಕೊಳವೆಗಳನ್ನೆಲ್ಲ ಬದಲಿಸಬೇಕೆಂದು ಹೇಳಿದವರೂ ಆ ಮೇಸ್ತ್ರಿಯೇ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲು ಹಳೆಯ ರಬ್ಬರನ್ನು ತಿಂದುಹಾಕುತ್ತದೆ. ನಮ್ಮ ಜಿಲ್ಲೆಯ ಕಬ್ಬಿನಿಂದ ತೆಗೆದ ರಸವೇ ನಮ್ಮ ಗಾಡಿಯ ಕೊಳವೆಗೆ ಮುಳುವಾಗುವುದು ವಿಚಿತ್ರವಲ್ಲವೇ!

ಕಾಗದಪತ್ರಗಳ ಮಾತನ್ನು ಕೊನೆಗೆ ಇಟ್ಟಿದ್ದರೂ, ಕೊಳ್ಳುವಾಗ ಮೊದಲು ನೋಡಬೇಕಾದುದು ಅದನ್ನೇ. ನೋಂದಣಿ ಪುಸ್ತಕದಲ್ಲಿನ ಚಾಸಿ ಮತ್ತು ಇಂಜಿನು ಸಂಖ್ಯೆಗಳು ಗಾಡಿಯ ಮೇಲಿನ ಸಂಖ್ಯೆಗಳೊಡನೆ ಕೂಡಬೇಕು. ಖಾಸಗಿ ಗಾಡಿಯ ನೋಂದಣಿಯು 15 ವರ್ಷಗಳವರೆಗೆ. ಆಮೇಲೆ ಯೋಗ್ಯತಾಪತ್ರದೊಡನೆ ಐದೈದು ವರ್ಷಕ್ಕೆ ನವೀಕರಿಸಬೇಕು. ಕೇಂದ್ರ ಸರ್ಕಾರವು 2021ರ ಜುಲೈಯಲ್ಲಿ ಪ್ರಾಚೀನ ವಾಹನಗಳಿಗೆಂದು ಬೇರೆ ನಿಯಮವನ್ನು ಮಾಡಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿರುವ ಗಾಡಿಗೆ ‘ವಿ.ಎ.’ ಅಕ್ಷರಗಳುಳ್ಳ ಸಂಖ್ಯೆ ದೊರೆಯುವುದು. ಶುಲ್ಕವು 20,000 ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000 ರೂಪಾಯಿ. ಚಾಸಿ, ಮೈಕಟ್ಟು, ಇಂಜಿನುಗಳನ್ನು ಗಣನೀಯವಾಗಿ ಮಾರ್ಪಡಿಸಿರಬಾರದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸಕೂಡದು. ಹೀಗಿರಲು, ಕೊಳ್ಳುವವರು ಗಾಡಿಯ ವಯಸ್ಸನ್ನು ಲೆಕ್ಕಹಾಕಿಕೊಳ್ಳುವುದು ಒಳ್ಳೆಯದು. ಡಿಲೈಟುಗಳಿಗೆ ಈ ದಾರಿ ತೆರೆದಿದೆ. 1990ರ ಪದ್ಮಿನಿಗೆ 2040ರವರೆಗೆ ಸಾಮಾನ್ಯ ನವೀಕರಣವೇ ಗತಿ. ವಾರಕ್ಕೊಮ್ಮೆ ಪೇಟೆಗೆ ಓಡಿಸುವ ಆಸೆಯಿದ್ದವರಿಗೆ ಆ ಸಾಮಾನ್ಯ ನೋಂದಣಿಯೇ ಅನುಕೂಲ. ನಾವೂ ಅದನ್ನೇ ಉಳಿಸಿಕೊಂಡಿದ್ದೇವೆ.

ಕಳೆದ ದಸರೆಗೆ ಗಾಡಿಯನ್ನು ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಅಕ್ಕಲಕೋಟೆಯ ದಾರಿಯ ಆ ವಾಡೆಯವರೆಗೆ ಓಡಿಸಿಕೊಂಡು ಹೋದೆವು. ತಾಯಿಯವರು ಹಿಂದಿನ ಸೀಟಿನ ಎಡಗಡೆಗೆ ಕುಳಿತರು. ಅದು ಅವರ ಜಾಗವಂತೆ. ಊರ ಹೊರಗಿನ ಹನುಮಪ್ಪನ ಗುಡಿಯವರೆಗೆ ಹೋಗಿ ಬಂದೆವು. ಇಳಿಯುವಾಗ ಬಾಗಿಲನ್ನು ಸವರಿ, ಅದರ ಕೆಳಗಿನ ಹೊಳೆಯುವ ಪಟ್ಟಿ ಎಲ್ಲಿ ಹೋಯಿತೆಂದು ಕೇಳಿದರು. ಎಡಭಾಗದ ಹಿಂದಿನ ಬಾಗಿಲಿನ ಆ ಪಟ್ಟಿಯು ನಮಗೆ ಇನ್ನೂ ದೊರೆತಿಲ್ಲ. ವಾಚಕರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಅಂಥದೊಂದು ಬಿದ್ದಿದ್ದರೆ ಸಂಘದ ಕಚೇರಿಗೆ ತಿಳಿಸಬೇಕಾಗಿ ಕೋರುತ್ತೇವೆ. ತಕ್ಕ ಬೆಲೆಯನ್ನು ಕೊಡಲಾಗುವುದು.