ಹೊಟ್ಟೆಯೊಳಗೆ ಇಣುಕಿದ ಕಥೆ

ನಮ್ಮ ಮಾತಿನಲ್ಲಿ ಹೊಟ್ಟೆಗೆ ಸಿಕ್ಕಿರುವಷ್ಟು ಜಾಗ ದೇಹದ ಬೇರೆ ಅಂಗಗಳಿಗೆ ಸಿಕ್ಕಿದೆಯೋ ಇಲ್ಲವೋ ಹೇಳುವುದು ಕಷ್ಟ. ನೆರೆಯವನ ಏಳಿಗೆ ಕಂಡರೆ ಹೊಟ್ಟೆಕಿಚ್ಚು; ಮಕ್ಕಳ ಸಂಕಟ ಕಂಡರೆ ಕರುಳು ಚುರ್ರೆನ್ನುತ್ತದೆ; ಪರರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ; ದುಡಿಯುವುದೆಲ್ಲ ಹೊಟ್ಟೆಪಾಡಿಗೆ. ಇಷ್ಟೆಲ್ಲ ಮಾತಾಡಿದರೂ ಒಳಗೆ ಏನು ನಡೆಯುತ್ತದೆಂಬುದನ್ನು ಮನುಷ್ಯ ಕಣ್ಣಾರೆ ಕಂಡದ್ದು ತೀರ ಈಚೆಗೆ. ಆಯುರ್ವೇದ ಅದನ್ನು ಜಠರಾಗ್ನಿ ಎಂದಿತು. ಒಳಗೊಂದು ಬೆಂಕಿಯಿದೆ, ಉಂಡದ್ದು ಅದರಲ್ಲಿ ಪಾಕವಾಗುತ್ತದೆ. ಯುರೋಪಿನ ವೈದ್ಯರೂ ಹೆಚ್ಚೇನೂ ಮುಂದಿರಲಿಲ್ಲ. ಹೊಟ್ಟೆ ಬೀಸುಕಲ್ಲಿನಂತೆ ಅರೆಯುತ್ತದೆ ಎಂದು ಒಬ್ಬರು, ಹುದುಗು ಬರಿಸುತ್ತದೆ ಎಂದು ಇನ್ನೊಬ್ಬರು, ಬೇಯಿಸುತ್ತದೆ ಎಂದು ಮತ್ತೊಬ್ಬರು ಶತಮಾನಗಳ ಕಾಲ ಜಗಳವಾಡಿದರು.

ಸತ್ತವರ ದೇಹ ಕೊಯ್ದು ನೋಡಬಹುದಿತ್ತಲ್ಲ ಎನ್ನಬಹುದು. ನೋಡಿದರು ನಿಜ. ಆದರೆ ಹೊಟ್ಟೆ ಅಲ್ಲಿಯೂ ಗುಟ್ಟು ಬಿಡಲಿಲ್ಲ. ಪ್ರಾಣ ಹೋದ ಮೇಲೆ ಜೀರ್ಣರಸ ತಾನಿದ್ದ ಚೀಲವನ್ನೇ ಕರಗಿಸತೊಡಗುತ್ತದೆ ಎಂಬುದನ್ನು ಲಂಡನ್ನಿನ ಜಾನ್ ಹಂಟರ್ 1772ರಲ್ಲಿ ತೋರಿಸಿದ. ಶವದಲ್ಲಿ ಕಂಡ ಗಾಯ ಕಾಯಿಲೆಯದೋ ಸಾವಿನದೋ ಹೇಳುವುದು ಸುಲಭವಿರಲಿಲ್ಲ. ಇಟಲಿಯ ಸ್ಪಲಾಂಜಾನಿ ಎಂಬ ಪಾದ್ರಿ ವಿಜ್ಞಾನಿ ಬಟ್ಟೆಯ ಪುಟ್ಟ ಚೀಲಗಳಲ್ಲಿ ಆಹಾರ ತುಂಬಿ ತಾನೇ ನುಂಗಿ ಪರೀಕ್ಷಿಸಿದ. ಅವನಿಗೂ ಸಿಕ್ಕಿದ್ದು ಒಳಗೆ ಹೋದದ್ದರ ಮತ್ತು ಹೊರಗೆ ಬಂದದ್ದರ ಲೆಕ್ಕ ಮಾತ್ರ. ನಡುವಿನ ವ್ಯವಹಾರ ನೋಡಬೇಕಾದರೆ ಬದುಕಿರುವ ಮನುಷ್ಯನ ಹೊಟ್ಟೆಗೆ ಒಂದು ಕಿಟಕಿ ಬೇಕಿತ್ತು.

ಅಂಥ ಕಿಟಕಿ ತೆರೆದದ್ದು 1822ರ ಜೂನ್ 6ರಂದು, ಆಕಸ್ಮಿಕವಾಗಿ ಹಾರಿದ ಒಂದು ಗುಂಡಿನಿಂದ.

ಅಮೆರಿಕ ಮತ್ತು ಕೆನಡಾಗಳ ನಡುವಿನ ಮಹಾಸರೋವರಗಳಲ್ಲಿ ಮ್ಯಾಕಿನಾ ಎಂಬ ದ್ವೀಪವಿದೆ. ಪ್ರಾಣಿಗಳ ತುಪ್ಪಳದ ವ್ಯಾಪಾರ ಜೋರಾಗಿದ್ದ ಕಾಲ ಅದು. ತುಪ್ಪಳದ ಕಂಪನಿಯ ಮಳಿಗೆಯಲ್ಲಿ ಯಾರದೋ ಕೈಯಲ್ಲಿದ್ದ ಬಂದೂಕು ಸಿಡಿಯಿತು. ಎರಡು ಮೂರು ಅಡಿ ದೂರದಲ್ಲಿ ನಿಂತಿದ್ದ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಫ್ರೆಂಚ್ ಕೆನಡಾದ ದೋಣಿಯಾಳು ಕುಸಿದು ಬಿದ್ದ. ಎಡ ಪಕ್ಕೆಲುಬು ಮುರಿದು, ಶ್ವಾಸಕೋಶ ಹೊರಚಾಚಿ, ಹೊಟ್ಟೆಗೆ ತೂತು ಬಿದ್ದು, ಬೆಳಿಗ್ಗೆ ತಿಂದದ್ದು ಗಾಯದಿಂದಲೇ ಹೊರಗೆ ಬರುತ್ತಿತ್ತು. ಕೋಟೆಯ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಓಡಿಬಂದ. ಈತ ಕಾಲೇಜು ಮೆಟ್ಟಿಲು ಹತ್ತಿದವನಲ್ಲ, ಇನ್ನೊಬ್ಬ ವೈದ್ಯನ ಕೈಕೆಳಗಿದ್ದು ಕಸುಬು ಕಲಿತವನು. ರೋಗಿ ಉಳಿಯುವ ಭರವಸೆ ಅವನಿಗಿರಲಿಲ್ಲ. ಆದರೆ ಸೇಂಟ್ ಮಾರ್ಟಿನ್ ಉಳಿದ. ಗಾಯ ಮಾಯಿತು, ತೂತು ಮಾತ್ರ ಮುಚ್ಚಲಿಲ್ಲ. ಹೊಟ್ಟೆಯ ಗೋಡೆ ಹೊರಗಿನ ಚರ್ಮಕ್ಕೆ ಅಂಟಿಕೊಂಡು ಅಲ್ಲಿಯೇ ಕೂಡಿಕೊಂಡಿತು. ಕಾಲಾನಂತರ ಒಳಗಿನಿಂದ ಒಂದು ಮಡಿಕೆ ಬೆಳೆದು ಆ ಬಾಯಿಗೆ ಮುಚ್ಚಳದಂತಾಯಿತು. ಬೆರಳಿನಿಂದ ಒತ್ತಿದರೆ ಒಳಗೆ ಕಾಣುತ್ತಿತ್ತು.

ಊರಿನವರು ಈ ಬಡಪಾಯಿಯ ಖರ್ಚು ನೋಡಿಕೊಳ್ಳಲು ಒಲ್ಲೆನೆಂದಾಗ ಬೋಮಾಂಟ್ ಅವನನ್ನು ತನ್ನ ಮನೆಗೆ ಕರೆತಂದ. ಇದನ್ನು ಕರುಣೆ ಎನ್ನಬೇಕೋ ಮುಂದಾಲೋಚನೆ ಎನ್ನಬೇಕೋ ಎಂಬುದು ಇಂದಿಗೂ ಇತಿಹಾಸಕಾರರ ಚರ್ಚೆಯ ವಿಷಯ. ನನಗೆ ಕಾಣುವಂತೆ ಎರಡೂ ಇದ್ದವು. ತೂತನ್ನು ಹೊಲಿದು ಮುಚ್ಚುವ ಮಾತೆತ್ತಿದಾಗ ರೋಗಿಯೇ ಒಪ್ಪಲಿಲ್ಲವೆಂದು ಬೋಮಾಂಟ್ ಬರೆದಿಟ್ಟಿದ್ದಾನೆ. ಸೇಂಟ್ ಮಾರ್ಟಿನ್‌ಗೆ ಅಕ್ಷರ ಬಾರದು. ಅವನ ಕಡೆಯ ಮಾತನ್ನು ಬರೆದಿಟ್ಟವರಿಲ್ಲ.

1825ರ ಆಗಸ್ಟ್ 1, ಮಧ್ಯಾಹ್ನ ಹನ್ನೆರಡು ಗಂಟೆ. ಬೋಮಾಂಟ್ ರೇಷ್ಮೆ ದಾರಕ್ಕೆ ಮಾಂಸದ ಕೆಲವು ಬಗೆಯ ತುಂಡು, ಹಳಸಿದ ಬ್ರೆಡ್ಡು, ಹಸಿ ಎಲೆಕೋಸು ಕಟ್ಟಿ ತೂತಿನೊಳಗೆ ಇಳಿಬಿಟ್ಟ. ಸೇಂಟ್ ಮಾರ್ಟಿನ್ ಎಂದಿನಂತೆ ಮನೆಗೆಲಸಕ್ಕೆ ಹೋದ. ಗಂಟೆಗೊಮ್ಮೆ ದಾರ ಎಳೆದು ನೋಡುವುದು. ಒಂದು ಗಂಟೆಗೆ ಕೋಸು, ಬ್ರೆಡ್ಡು ಅರ್ಧ ಕರಗಿದ್ದವು, ಮಾಂಸ ಹಾಗೆಯೇ ಇತ್ತು. ಎರಡು ಗಂಟೆಗೆ ಕೋಸು, ಬ್ರೆಡ್ಡು, ಹಂದಿಮಾಂಸ, ಬೇಯಿಸಿದ ದನದ ಮಾಂಸ ದಾರದಿಂದಲೇ ಮಾಯವಾಗಿದ್ದವು. ಸರಳವಾದ ಪ್ರಯೋಗ, ನಮ್ಮ ಹಳ್ಳಿಯ ಹುಡುಗರು ಬಾವಿಗೆ ಗಾಳ ಬಿಟ್ಟಂತೆ. ಆದರೆ ಬದುಕಿರುವ ಮನುಷ್ಯನ ಹೊಟ್ಟೆಯೊಳಗೆ ಅನ್ನ ಕರಗುವುದನ್ನು ಗಡಿಯಾರ ಹಿಡಿದು ಈ ಬಗೆಯಲ್ಲಿ ಯಾರೂ ಅಳೆದಿರಲಿಲ್ಲ.

ಮುಂದಿನ ಎಂಟು ವರ್ಷಗಳಲ್ಲಿ, ನಡುನಡುವೆ ಬಿಡುವು ಕೊಟ್ಟು, ಇಂಥ 238 ಪ್ರಯೋಗಗಳಾದವು. ಹೊಟ್ಟೆಯ ರಸವನ್ನು ಸೀಸೆಗೆ ತೆಗೆದು, ದೇಹದಷ್ಟೇ ಬಿಸಿಯಲ್ಲಿಟ್ಟು, ಅದರಲ್ಲಿ ಮಾಂಸ ಹಾಕಿದಾಗ ಸೀಸೆಯಲ್ಲೂ ಮಾಂಸ ಕರಗಿತು. ಅಲ್ಲಿಗೆ ಬೀಸುಕಲ್ಲಿನ ವಾದ ಬಿದ್ದುಹೋಯಿತು. ಕೆಲಸ ಮಾಡುವುದು ರಸ. ಅದರಲ್ಲಿ ಹೈಡ್ರೊಕ್ಲೋರಿಕ್ ಆಮ್ಲವಿದೆಯೆಂದು ಇಂಗ್ಲೆಂಡಿನ ವಿಲಿಯಂ ಪ್ರೌಟ್ 1824ರಲ್ಲೇ ಹೇಳಿದ್ದ, ಇಲ್ಲಿ ಅದು ದೃಢಪಟ್ಟಿತು. ಬರಿದಾದ ಹೊಟ್ಟೆಯ ಒಳಗೋಡೆಗೆ ಬೋಮಾಂಟ್ ತನ್ನ ನಾಲಿಗೆ ತಾಗಿಸಿ ಹುಳಿಯಿಲ್ಲವೆಂದು ಬರೆದುಕೊಂಡ. ಅಂದರೆ ಆಮ್ಲ ಸದಾ ತುಂಬಿರುವುದಲ್ಲ, ಆಹಾರ ಬಿದ್ದಾಗ ಒಸರುವುದು. ಸೇಂಟ್ ಮಾರ್ಟಿನ್‌ಗೆ ಸಿಟ್ಟು ಬಂದ ದಿನ ಒಳಗಿನ ಬಣ್ಣವೇ ಬದಲಾಗುತ್ತಿತ್ತು. ಕುಡಿದ ಮರುದಿನಗಳಲ್ಲಿ ಲೋಳೆಪೊರೆ ಕೆಂಪಾಗಿ ಹುಣ್ಣೆದ್ದಿದ್ದರೂ ಅವನಿಗೆ ನೋವೇ ತಿಳಿಯುತ್ತಿರಲಿಲ್ಲ. ಕಾಯಿಲೆ ಇದ್ದೂ ಲಕ್ಷಣ ಇಲ್ಲದಿರಬಹುದೆಂಬ ಈ ಮಾತು ಬಹಳ ಮುಖ್ಯವಾದದ್ದು. ಖಾರ ಮಸಾಲೆಗಳು ಆರೋಗ್ಯವಂತ ಹೊಟ್ಟೆಗೆ ಕೇಡೆಂಬ ತೀರ್ಮಾನವೂ 1833ರಲ್ಲಿ ಬಂದ ಅವನ ಪುಸ್ತಕದಲ್ಲಿದೆ. ಆ ಒಂದು ಮಾತಿಗೆ ನೂರೈವತ್ತು ವರ್ಷ ಆಯುಸ್ಸು ಸಿಕ್ಕಿತು.

ಈ ಪ್ರಯೋಗಗಳಲ್ಲಿ ಸೇಂಟ್ ಮಾರ್ಟಿನ್‌ಗೆ ಸಂತೋಷವೇನಿತ್ತು? ದಾರ ಒಳಗಿದ್ದಾಗ ಹೊಟ್ಟೆನೋವು, ತಲೆ ಸುತ್ತು, ಮೈ ಹಿಡಿದಂತಾಗುವುದು ಇವೆಲ್ಲ ಬೋಮಾಂಟನ ದಿನಚರಿಯಲ್ಲೇ ದಾಖಲಾಗಿವೆ. 1825ರಲ್ಲಿ ಅವನು ಹೇಳದೆ ಕೇಳದೆ ಕೆನಡಾಕ್ಕೆ ಹೊರಟುಹೋದ, ಮದುವೆಯಾದ, ಮಕ್ಕಳಾದವು. ನಾಲ್ಕು ವರ್ಷ ಹುಡುಕಿಸಿ ಬೋಮಾಂಟ್ ಸಂಸಾರಸಮೇತ ಅವನನ್ನು ಮತ್ತೆ ಕರೆಸಿಕೊಂಡ. 1832ರಲ್ಲಿ ಕರಾರುಪತ್ರವೇ ಆಯಿತು: ಊಟ, ವಸತಿ, ವರ್ಷಕ್ಕೆ 150 ಡಾಲರ್, ಪ್ರತಿಯಾಗಿ ಹೊಟ್ಟೆಯನ್ನು ವೈದ್ಯನ ಪ್ರಯೋಗಕ್ಕೆ ಒಪ್ಪಿಸಬೇಕು. ಮನುಷ್ಯನ ಮೇಲಿನ ಪ್ರಯೋಗಕ್ಕೆ ಬರವಣಿಗೆಯ ಒಪ್ಪಿಗೆ ಪಡೆದ ಮೊದಮೊದಲ ನಿದರ್ಶನವೆಂದು ಇದನ್ನು ಕೆಲವರು ಹೊಗಳುವುದುಂಟು. ಓದಲು ಬಾರದವನು ಹೆಬ್ಬೆಟ್ಟಿನ ಗುರುತು ಹಾಕಿದ ಎಷ್ಟು ಪತ್ರಗಳನ್ನು ನಮ್ಮ ನಾಡೂ ಕಂಡಿಲ್ಲ! 1834ರಲ್ಲಿ ಮನೆಗೆ ಹೋದವನು ಮತ್ತೆ ಬರಲಿಲ್ಲ. ಬೋಮಾಂಟ್ ವರ್ಷಗಟ್ಟಲೆ ಕಾಗದ ಬರೆದ, ಹಣದ ಆಸೆ ತೋರಿಸಿದ. 1853ರಲ್ಲಿ ಹಿಮದ ಮೆಟ್ಟಿಲಲ್ಲಿ ಜಾರಿ ಬಿದ್ದು ತೀರಿಕೊಂಡ. ಹೊಟ್ಟೆಗೆ ತೂತಿದ್ದವನು ಸೌದೆ ಒಡೆದು, ಹೊಲ ಗೇಯ್ದು, ವೈದ್ಯನಿಗಿಂತ 27 ವರ್ಷ ಹೆಚ್ಚು ಬದುಕಿದ.

1880ರ ಜೂನ್‌ನಲ್ಲಿ ಅವನು ತೀರಿಕೊಂಡಾಗ ಮಾಂಟ್ರಿಯಲ್‌ನಲ್ಲಿದ್ದ ವಿಲಿಯಂ ಆಸ್ಲರ್, ಮುಂದೆ ಜಗದ್ವಿಖ್ಯಾತನಾದ ವೈದ್ಯ, ಆ ಹೊಟ್ಟೆಯನ್ನು ವಸ್ತುಸಂಗ್ರಹಾಲಯಕ್ಕೆ ಪಡೆಯಲು ಹವಣಿಸಿದ. ಮನೆಯವರು ಬಿಲ್ಕುಲ್ ಒಪ್ಪಲಿಲ್ಲ. ಬೇಸಗೆಯ ಸೆಕೆಯಲ್ಲಿ ಹೆಣವನ್ನು ಬೇಕೆಂದೇ ಮನೆಯಲ್ಲಿ ಹೆಚ್ಚು ದಿನ ಇಟ್ಟುಕೊಂಡರು. ಯಾರಿಗೂ ಉಪಯೋಗಕ್ಕೆ ಬಾರದಂತೆ ಅದು ಕೆಡಬೇಕಿತ್ತು. ನಾತದಿಂದಾಗಿ ಶವಪೆಟ್ಟಿಗೆಯನ್ನು ಇಗರ್ಜಿಯ ಒಳಗೆ ತರಲಾಗಲಿಲ್ಲ. ಹೊರಗಿಟ್ಟೇ ಪ್ರಾರ್ಥನೆ ಮಾಡಿ, ಯಾರೂ ಅಗೆದು ಒಯ್ಯದಿರಲೆಂದು ಎಂಟು ಅಡಿ ಆಳದಲ್ಲಿ ಹೂತರು. ಹೊಟ್ಟೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಸಂಗತಿ ಇದು.

ಎಲ್ಲರ ಹೊಟ್ಟೆಗೂ ಗುಂಡು ಹೊಡೆಯಲಾಗದು. ಬಾಯಿಯ ದಾರಿಯಿಂದಲೇ ಒಳಗೆ ನೋಡಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜಾತ್ರೆಯ ಆಟದಲ್ಲಿ. ಕತ್ತಿ ನುಂಗುವ ವಿದ್ಯೆ ನಮ್ಮ ದೇಶದ ಗಾರುಡಿಗರಿಗೆ ಹೊಸದಲ್ಲ. 19ನೇ ಶತಮಾನದ ಆರಂಭದಲ್ಲಿ ಭಾರತದ ಆಟಗಾರರು ಲಂಡನ್ನಿಗೂ ಹೋಗಿ ಅದನ್ನು ಮಾಡಿ ತೋರಿಸಿದ್ದರು. 1868ರಲ್ಲಿ ಜರ್ಮನಿಯ ಫ್ರೈಬರ್ಗ್‌ನ ವೈದ್ಯ ಅಡಾಲ್ಫ್ ಕುಸ್‌ಮಾಲ್ ಅಂಥದೇ ಒಬ್ಬ ಕತ್ತಿ ನುಂಗುವವನನ್ನು ಕರೆಸಿ, 47 ಸೆಂಟಿಮೀಟರ್ ಉದ್ದದ ನೇರ ಲೋಹದ ಕೊಳವೆಯನ್ನು ಅವನ ಗಂಟಲಿಗಿಳಿಸಿದ. ಕೊಳವೆ ಹೊಟ್ಟೆ ಮುಟ್ಟಿತು. ಆದರೆ ದೀಪದ ಬೆಳಕು ಸಾಲಲಿಲ್ಲ, ಕತ್ತಲಲ್ಲಿ ಏನೂ ಸರಿಯಾಗಿ ಕಾಣಲಿಲ್ಲ. 1932ರಲ್ಲಿ ರುಡಾಲ್ಫ್ ಶಿಂಡ್ಲರ್ ತುದಿ ಬಾಗುವ ಕೊಳವೆ ತಂದ. ಎರಡು ವರ್ಷದಲ್ಲಿ ನಾಜಿಗಳ ಕಾಟಕ್ಕೆ ದೇಶ ಬಿಟ್ಟು ಷಿಕಾಗೋ ಸೇರಿದ.

ಬೆಳಕನ್ನೇ ಬಾಗಿಸಿ ಒಯ್ಯುವ ಉಪಾಯ ಕೊಟ್ಟವರಲ್ಲಿ ಒಬ್ಬರು ನಮ್ಮವರು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ತಮ್ಮ ಗುರು ಹೆರಾಲ್ಡ್ ಹಾಪ್‌ಕಿನ್ಸ್ ಜೊತೆ ಕೂದಲಿನಂಥ ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು 1954ರಲ್ಲಿ ತೋರಿಸಿದರು. ಆ ಲೇಖನ ಓದಿದ ಬೇಸಿಲ್ ಹಿರ್ಷೋವಿಟ್ಸ್ ಎಂಬ ವೈದ್ಯ ಲಂಡನ್ನಿಗೆ ಹೋಗಿ ಅವರನ್ನು ಕಂಡು, ಮಿಷಿಗನ್ನಿಗೆ ಮರಳಿ ಗೆಳೆಯರೊಡನೆ ಬಳುಕುವ ಎಂಡೊಸ್ಕೋಪ್ ತಯಾರಿಸಿದರು. 1957ರ ಆರಂಭದಲ್ಲಿ ಅದನ್ನು ಮೊದಲು ತಮ್ಮ ಗಂಟಲಿಗೇ ಇಳಿಸಿಕೊಂಡರು. ರೋಗಿಯ ಸರದಿ ಬಂದದ್ದು ಕೆಲವು ದಿನಗಳ ನಂತರ. ಕಪಾನಿಯವರಿಗೆ ಭಾರತ ಪದ್ಮವಿಭೂಷಣ ಕೊಟ್ಟದ್ದು 2021ರಲ್ಲಿ, ಅವರು ತೀರಿಕೊಂಡ ಮರುವರ್ಷ.

ಹೊಟ್ಟೆ ಕಾಣತೊಡಗಿತು, ಸರಿ. ಆದರೆ ಕಂಡದ್ದರ ಅರ್ಥ? ಆಮ್ಲವಿಲ್ಲದೆ ಹುಣ್ಣಿಲ್ಲ ಎಂದು ಕಾರ್ಲ್ ಶ್ವಾರ್ಟ್ಸ್ 1910ರಲ್ಲಿ ಹೇಳಿದ್ದೇ ವೇದವಾಕ್ಯವಾಗಿತ್ತು. ಹುಣ್ಣಿನವರು ಗಂಟೆಗೊಮ್ಮೆ ಹಾಲು ಕೆನೆ ಕುಡಿಯಬೇಕು, ಖಾರ ಬಿಡಬೇಕು, ಚಿಂತೆ ಬಿಡಬೇಕು. ವಾಸಿಯಾಗದಿದ್ದರೆ ಹೊಟ್ಟೆಯ ನರ ಕತ್ತರಿಸುವುದು, ಇಲ್ಲವೇ ಹೊಟ್ಟೆಯ ಒಂದು ಭಾಗವನ್ನೇ ತೆಗೆಯುವುದು. ದಕ್ಷಿಣ ಭಾರತದ ಆಸ್ಪತ್ರೆಗಳಲ್ಲಿ ಒಂದು ಕಾಲಕ್ಕೆ ಇದು ದಿನನಿತ್ಯದ ಶಸ್ತ್ರಚಿಕಿತ್ಸೆ. ಹೊಟ್ಟೆಯ ಮೇಲೆ ಉದ್ದನೆಯ ಗಾಯದ ಗುರುತಿರುವ, ಜೀವಮಾನವಿಡೀ ಸಪ್ಪೆ ಊಟ ಉಂಡ ಹಿರಿಯರು ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದ್ದರು. 1976ರಲ್ಲಿ ಸಿಮೆಟಿಡಿನ್ ಮಾತ್ರೆ ಬಂದು ಆಮ್ಲ ತಗ್ಗಿತು, ಹುಣ್ಣು ಒಣಗಿತು; ಮಾತ್ರೆ ಬಿಟ್ಟರೆ ಮತ್ತೆ ಬಂತು.

ಆಮ್ಲದ ಮಡುವಿನಲ್ಲಿ ರೋಗಾಣು ಬದುಕುವುದಿಲ್ಲವೆಂದು ಎಲ್ಲರೂ ನಂಬಿದ್ದರು. 1954ರಲ್ಲಿ ಅಮೆರಿಕದ ಪಾಮರ್ ಎಂಬವರು ಸಾವಿರಕ್ಕೂ ಹೆಚ್ಚು ರೋಗಿಗಳ ಹೊಟ್ಟೆಯ ಚೂರು ಪರೀಕ್ಷಿಸಿ ಏನೂ ಇಲ್ಲವೆಂದು ಬರೆದರು. ಹುಡುಕಾಟ ಹೆಚ್ಚುಕಡಿಮೆ ಅಲ್ಲಿಗೇ ನಿಂತಿತು. 1979ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಎಂಬ ರೋಗಶಾಸ್ತ್ರಜ್ಞ ಸೂಕ್ಷ್ಮದರ್ಶಕದಡಿ ಸುರುಳಿ ಆಕಾರದ ಜೀವಿಗಳನ್ನು ಕಂಡರು. ಸುತ್ತಲಿನವರು ನಂಬಲಿಲ್ಲ. ಎರಡು ವರ್ಷದ ನಂತರ ಬ್ಯಾರಿ ಮಾರ್ಷಲ್ ಎಂಬ ತರುಣ ವೈದ್ಯ ಜೊತೆಯಾದ. ನೂರು ರೋಗಿಗಳ ಹೊಟ್ಟೆಯ ಚೂರು ತೆಗೆದು ರೋಗಾಣು ಬೆಳೆಸಲು ನೋಡಿದರು. ಬೆಳೆಯಲೇ ಇಲ್ಲ. ಎರಡು ದಿನ ಕಾದು ತಟ್ಟೆಗಳನ್ನು ಎಸೆಯುವುದು ಪ್ರಯೋಗಾಲಯದ ಪದ್ಧತಿ. 1982ರ ಈಸ್ಟರ್ ರಜೆಯಲ್ಲಿ ಎಸೆಯುವವರಿಲ್ಲದೆ ತಟ್ಟೆಗಳು ಐದಾರು ದಿನ ಉಳಿದವು. ಬಂದು ನೋಡಿದರೆ ರೋಗಾಣು ಬೆಳೆದಿತ್ತು. ಅದಕ್ಕೆ ಬೇಕಾದದ್ದು ಇನ್ನಷ್ಟು ದಿನ, ಅಷ್ಟೆ.

ಆದರೂ ರೋಗಾಣು ಹುಣ್ಣಿಗೆ ಕಾರಣವೋ, ಹುಣ್ಣಾದ ಮೇಲೆ ಬಂದು ಕೂತದ್ದೋ? ಪ್ರಾಣಿಗಳ ಮೇಲೆ ಪ್ರಯೋಗ ಫಲಿಸಲಿಲ್ಲ. 1984ರಲ್ಲಿ ಮಾರ್ಷಲ್ ತನ್ನ ಹೊಟ್ಟೆ ನಿರೋಗಿಯೆಂದು ಎಂಡೊಸ್ಕೋಪ್‌ನಲ್ಲಿ ಖಚಿತಪಡಿಸಿಕೊಂಡು, ರೋಗಿಯೊಬ್ಬನಿಂದ ಪಡೆದು ಬೆಳೆಸಿದ ರೋಗಾಣು ಕದಡಿದ ದ್ರವವನ್ನು ಗಟಗಟನೆ ಕುಡಿದ. ಆಸ್ಪತ್ರೆಯ ನೀತಿ ಸಮಿತಿಗೂ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಕೆಲವೇ ದಿನಗಳಲ್ಲಿ ವಾಂತಿ, ಬಾಯಿನಾತ ಶುರುವಾಯಿತು. ಹತ್ತನೆಯ ದಿನ ನೋಡಿದಾಗ ಹೊಟ್ಟೆಯ ಒಳಪೊರೆ ಊದಿ ಉರಿಯೂತವಾಗಿತ್ತು, ಅಲ್ಲಿ ರೋಗಾಣು ತುಂಬಿತ್ತು. ಆತನಿಗೆ ಹುಣ್ಣೇ ಆಯಿತೆಂದು ಬರೆಯುವವರಿದ್ದಾರೆ. ಆದದ್ದು ಉರಿಯೂತ, ಹುಣ್ಣಲ್ಲ. ಹುಣ್ಣಿನ ಸಾಕ್ಷಿ ಬಂದದ್ದು ಇಷ್ಟು ರೋಚಕವಲ್ಲದ ಇನ್ನೊಂದು ಕೆಲಸದಿಂದ. 1988ರಲ್ಲಿ ಪ್ರಕಟವಾದ ನೂರು ರೋಗಿಗಳ ಪರೀಕ್ಷೆಯಲ್ಲಿ, ರೋಗಾಣು ಉಳಿದವರ ಪೈಕಿ ಶೇ 84 ಮಂದಿಗೆ ವರ್ಷದೊಳಗೆ ಹುಣ್ಣು ಮರುಕಳಿಸಿತು. ರೋಗಾಣು ಹೋದವರಲ್ಲಿ ಶೇ 21 ಮಂದಿಗೆ ಮಾತ್ರ. ರೋಗಿಗೂ ವೈದ್ಯನಿಗೂ ಯಾರಿಗೆ ಯಾವ ಮದ್ದೆಂದು ತಿಳಿಯದಂತೆ ನಡೆಸಿದ ಪರೀಕ್ಷೆ ಅದು.

1989ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಹೆಸರು ಪಡೆದ ಈ ರೋಗಾಣು ಹೊಟ್ಟೆಯ ಕ್ಯಾನ್ಸರಿಗೂ ಕಾರಣವೆಂದು 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಲ್ಪ್ಸ್ ಹಿಮದಲ್ಲಿ 1991ರಲ್ಲಿ ಸಿಕ್ಕ, ಸುಮಾರು 5,300 ವರ್ಷಗಳ ಹಿಂದಿನ ಮನುಷ್ಯನ ಹೊಟ್ಟೆಯಲ್ಲೂ ಇದೇ ರೋಗಾಣುವಿನ ಗುರುತನ್ನು 2016ರಲ್ಲಿ ಪತ್ತೆ ಮಾಡಿದರು. ಅದರ ತಳಿ ಇಂದು ಮಧ್ಯ ಮತ್ತು ದಕ್ಷಿಣ ಏಷ್ಯಾದಲ್ಲಿ ಕಾಣುವುದಕ್ಕೆ ಹತ್ತಿರದ್ದು. ನಮ್ಮ ದೇಶದಲ್ಲಿ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಏನೂ ಆಗದೆ ಬದುಕಿರುವವರೇ ಬಹುಪಾಲು. ಎಲ್ಲ ಹುಣ್ಣಿಗೂ ಇದೇ ಕಾರಣವಲ್ಲ. ಮೊಣಕಾಲು ನೋವಿಗೆಂದು ವರ್ಷಗಟ್ಟಲೆ ನುಂಗುವ ಮಾತ್ರೆಗಳದ್ದೂ ದೊಡ್ಡ ಪಾಲಿದೆ. ಕಂಡಕಂಡದ್ದಕ್ಕೆ ಆಂಟಿಬಯಾಟಿಕ್ ತಿಂದು ತಿಂದು, ಈ ರೋಗಾಣು ಹಳೆಯ ಮದ್ದಿಗೆ ಬಗ್ಗದಿರುವುದೂ ಈಗ ಹೆಚ್ಚಾಗುತ್ತಿದೆ.

ರೋಗಾಣು ಇದೆಯೋ ಇಲ್ಲವೋ ತಿಳಿಯಲು ಈಗ ಕೊಳವೆ ನುಂಗಲೇಬೇಕೆಂದಿಲ್ಲ. ಅದು ಯೂರಿಯಾವನ್ನು ಒಡೆದು ತನ್ನ ಸುತ್ತಲಿನ ಆಮ್ಲದಿಂದ ಪಾರಾಗುತ್ತದೆ. ಆ ಗುಣವನ್ನೇ ಹಿಡಿದು ಉಸಿರಿನ ಪರೀಕ್ಷೆಯೊಂದನ್ನು ರೂಪಿಸಿದ್ದಾರೆ. ಗುರುತು ಹಾಕಿದ ಇಂಗಾಲವಿರುವ ಯೂರಿಯಾವನ್ನು ಖಾಲಿ ಹೊಟ್ಟೆಯಲ್ಲಿ ಕುಡಿದು, ಸ್ವಲ್ಪ ಹೊತ್ತು ಕೂತು, ಒಂದು ಚೀಲಕ್ಕೆ ಉಸಿರು ಊದಿಕೊಟ್ಟರೆ ಮುಗಿಯಿತು. ಊದಿದ ಗಾಳಿಯಲ್ಲಿ ಆ ಇಂಗಾಲ ಕಂಡರೆ ಒಳಗೆ ರೋಗಾಣು ಇದೆಯೆಂದು ಅರ್ಥ. ರೋಗಿ ಚೀಲವನ್ನು ಮೇಜಿನ ಮೇಲಿಟ್ಟು ತಿಂಡಿ ತಿನ್ನಲು ಹೊರಡುತ್ತಾನೆ.